ಯಾರ ಕೊಳಗ? ಸೇನೆಯಲ್ಲಿ ದೇಹಕ್ಷಮತೆಯ ಅಳತೆ ಮತ್ತು ದೂರಿನ ದಾರಿ

ಸಾಗರ ತಾಲ್ಲೂಕಿನವರಿಗೆ ಅಳತೆಯ ಜಗಳ ಹೊಸತಲ್ಲ. 1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಮೂಲದಲ್ಲಿದ್ದದ್ದು ಭತ್ತ ಅಳೆಯುವ ಕೊಳಗ. ಮೂರು ಸೇರಿನ ಕೊಳಗದಲ್ಲಿ ಅಳೆಯಿರಿ ಎಂದು ಗೇಣಿದಾರರು ಕೇಳಿದರು. ಒಡೆಯರ ಕೊಳಗ ಅದಕ್ಕಿಂತ ದೊಡ್ಡದಿತ್ತು. ಇಷ್ಟು ಕೊಳಗ ಗೇಣಿ ಎಂಬ ಮಾತು ಮಾತಾಗಿಯೇ ಉಳಿದು, ಕಣದಿಂದ ಹೋಗುವ ಭತ್ತ ಮಾತ್ರ ಹೆಚ್ಚುತ್ತಿತ್ತು. ಎಚ್. ಗಣಪತಿಯಪ್ಪನವರ ರೈತ ಸಂಘ, ಜೂನ್‌ನಲ್ಲಿ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, ಇದರೊಳಗಿಂದ ಬೆಳೆದ ಶಾಂತವೇರಿ ಗೋಪಾಲಗೌಡರು: ಈ ಕಥೆ ಮಲೆನಾಡಿಗೆ ಬಾಯಿಪಾಠ. ಈ ಲೇಖನಕ್ಕೆ ಬೇಕಾದದ್ದು ಅದರಲ್ಲಿನ ಒಂದೇ ಎಳೆ. ಅಳತೆಯ ಹೆಸರು ಬದಲಾಗದೆ ಅಳತೆ ಬದಲಾಗಬಹುದು. ಆಗ ದೂರು ಕೊಡಬೇಕಾದವನು ತನ್ನ ಭತ್ತವನ್ನಲ್ಲ, ಒಡೆಯನ ಕೊಳಗವನ್ನು ತೋರಿಸಬೇಕು.

ಈ ಎಳೆಯನ್ನು ಹಿಡಿದು ಭಾರತೀಯ ಸೇನೆಯ ದೇಹಕ್ಷಮತೆಯ ಮಾನದಂಡಗಳನ್ನೂ, ಅವುಗಳ ಜಾರಿಯಲ್ಲಿ ಅನ್ಯಾಯವಾದಾಗ ಸೈನಿಕನಿಗಿರುವ ದೂರಿನ ದಾರಿಯನ್ನೂ ನೋಡುವುದು ನನ್ನ ಉದ್ದೇಶ. ಸಾಗರ ತಾಲ್ಲೂಕಿನ ಆನಂದಪುರದಂಥ ಊರಿನಿಂದ ಈ ಪ್ರಶ್ನೆ ದೂರದ್ದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರಿಗೆ ಸೇನೆ ಎಂದರೆ ಮೊದಲು ‘ಭರ್ತಿ’, ಭರ್ತಿ ಎಂದರೆ ಅಳತೆ: ಜನರಲ್ ಡ್ಯೂಟಿಗೆ 166 ಸೆಂಟಿಮೀಟರ್ ಎತ್ತರ, 77 ಸೆಂಟಿಮೀಟರ್ ಎದೆ, ಉಸಿರೆಳೆದಾಗ ಇನ್ನೂ 5, ಜೊತೆಗೆ 1.6 ಕಿಲೋಮೀಟರ್ ಓಟ. ರ‍್ಯಾಲಿಯ ಮೈದಾನದಲ್ಲಿ ಟೇಪು, ಗಡಿಯಾರ ಎರಡೂ ಕಣ್ಣೆದುರಿಗೇ ಇರುತ್ತವೆ. ಓಟದಲ್ಲಿ ಹಿಂದೆ ಬಿದ್ದವನಿಗೆ ತಾನು ಹಿಂದೆ ಬಿದ್ದದ್ದು ಗೊತ್ತಾಗುತ್ತದೆ. ಸೇನೆಯೊಳಗೆ ಹೋದ ಮೇಲೆ ನಡೆಯುವ ಅಳತೆ ಇಷ್ಟು ಬಯಲಲ್ಲಿಲ್ಲ.

ಒಳಗಿನ ಮುಖ್ಯ ಅಳತೆಗೋಲಿನ ಹೆಸರು ‘ಶೇಪ್’. ಇಂಗ್ಲಿಷಿನ ಐದು ಅಕ್ಷರಗಳು ಮನಸ್ಸು, ಕಿವಿ, ಕೈಕಾಲು, ಒಟ್ಟು ದೇಹಶಕ್ತಿ, ಕಣ್ಣು ಇವನ್ನು ಸೂಚಿಸುತ್ತವೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ದರ್ಜೆ. ಐದರಲ್ಲೂ 1 ಬಂದವರು ‘ಶೇಪ್-1’. ಅದಕ್ಕಿಂತ ಕೆಳಗೆ ಇಳಿದವರನ್ನು ಸೈನಿಕರ ಮಾತಿನಲ್ಲಿ ‘ಲೋ ಕೆಟಗರಿ’ ಎನ್ನುತ್ತಾರೆ. ಇದರ ಜೊತೆಗೆ ಭಾರ ಹೊತ್ತು ಓಡುವ, ಹಗ್ಗ ಹತ್ತುವ, ಕಂದಕ ಹಾರುವ ಪರೀಕ್ಷೆಗಳೂ ಇವೆ. ವಯಸ್ಸು ಏರಿದ ಹಾಗೆ ಅವುಗಳ ಗುರಿ ಸಡಿಲಾಗುತ್ತದೆ. ಮೂವತ್ತರ ದೇಹಕ್ಕೂ ನಲವತ್ತೈದರ ದೇಹಕ್ಕೂ ಒಂದೇ ಲೆಕ್ಕ ಸಲ್ಲದೆಂದು ಸೇನೆಯೇ ಒಪ್ಪಿಕೊಂಡಿದೆ ಎಂಬುದನ್ನು ಇಲ್ಲಿ ಗುರುತು ಹಾಕಿಕೊಂಡಿರೋಣ. ಮುಂದೆ ಬೇಕಾಗುತ್ತದೆ.

ದೇಹದ ಅಳತೆಯ ಹಿಂದೆ ಬೇರೆ ಎಣಿಕೆ ಅಡಗಿರುವುದು ದಕ್ಷಿಣದವರಿಗೆ ಹಳೆಯ ಅನುಭವ. 1881ರಿಂದ ಮದ್ರಾಸ್ ಸೇನೆಯ ದಂಡನಾಯಕನಾಗಿದ್ದು, 1885ರಲ್ಲಿ ಇಡೀ ಭಾರತದ ಸೇನೆಗೆ ದಂಡನಾಯಕನಾದ ಫ್ರೆಡರಿಕ್ ರಾಬರ್ಟ್ಸ್ ದಕ್ಷಿಣದ ಸಿಪಾಯಿ ಯುದ್ಧಕ್ಕೆ ತಕ್ಕವನಲ್ಲವೆಂದು ನಂಬಿದ್ದ. ‘ವೀರ ಜನಾಂಗ’ಗಳ ವಾದಕ್ಕೆ ಅವನಿಂದ ಬಲ ಬಂತು, ಮದ್ರಾಸ್ ಸೇನೆಯ ದಳಗಳು ಒಂದೊಂದಾಗಿ ಕರಗಿದವು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲಾನ್ಸರ್ಸ್ ಕುದುರೆಗಳು ನುಗ್ಗಿದ್ದು ಆ ವಾದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು. ಆದರೆ ವಾದ ಅಷ್ಟಕ್ಕೇ ಸಾಯಲಿಲ್ಲ.

ನಮ್ಮ ಕಾಲದಲ್ಲಿ ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ನ್ಯಾಯಾಲಯದ ಮುಂದೆ ಬಂದದ್ದು ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ. 1992ರಿಂದ ಸೇನೆಯಲ್ಲಿ ಮಹಿಳೆಯರು ಅಲ್ಪಾವಧಿ ಕಮಿಷನ್ ಮೇಲೆ ಅಧಿಕಾರಿಗಳಾಗಿ ಸೇರತೊಡಗಿದರು. ಕಾಯಂ ಕಮಿಷನ್ ಬೇಕೆಂದು ಹೂಡಿದ ದಾವೆಯಲ್ಲಿ 2010ರ ಮಾರ್ಚ್ 12ರಂದು ದೆಹಲಿ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಹೋಯಿತು. ಬಬಿತಾ ಪುನಿಯಾ ಪ್ರಕರಣವೆಂದು ಹೆಸರಾದ ಆ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2020ರ ಫೆಬ್ರವರಿ 17ರಂದು. ನಡುವಿನ ಹತ್ತು ವರ್ಷ ಆ ಅಧಿಕಾರಿಗಳು ಸೇವೆಯಲ್ಲಿದ್ದರು, ಅವರಿಗೆ ವಯಸ್ಸಾಗುತ್ತಿತ್ತು.

ಆ ತೀರ್ಪಿನಂತೆ ಕಾಯಂ ಕಮಿಷನ್ ಕೊಡಲು 2020ರ ಆಗಸ್ಟ್ 1ರಂದು ಸೇನೆ ಸೂಚನೆ ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ವಿಶೇಷ ಆಯ್ಕೆ ಮಂಡಳಿ ಕೂತು 615 ಮಹಿಳಾ ಅಧಿಕಾರಿಗಳ ದಾಖಲೆ ಪರಿಶೀಲಿಸಿತು. ಕಾಯಂ ಆಗಬೇಕಾದರೆ ಶೇಪ್-1 ಇರಬೇಕು. ಗಂಡಸರಿಗೂ ಇದೇ ನಿಯಮ, ಹಾಗಾಗಿ ಭೇದವೇ ಇಲ್ಲ ಎಂಬುದು ಸೇನೆಯ ವಾದ. ಕಾಗದದ ಮೇಲೆ ಅದು ನಿಜವೂ ಹೌದು. ಆದರೆ ಗಂಡಸನ್ನು ಅಳೆದದ್ದು ಅವನ ಸೇವೆಯ 5ನೇ ಅಥವಾ 10ನೇ ವರ್ಷದಲ್ಲಿ. ಒಮ್ಮೆ ಕಾಯಂ ಆದವನು ಆಮೇಲೆ ಶೇಪ್-1ರಿಂದ ಇಳಿದರೂ ಕಾಯಂ ಹುದ್ದೆ ಹೋಗುತ್ತಿರಲಿಲ್ಲ. ಹೆಂಗಸರಲ್ಲಿ ಎಷ್ಟೋ ಜನರನ್ನು ಅಳೆಯುತ್ತಿದ್ದದ್ದು ನಲವತ್ತು ದಾಟಿದ ಮೇಲೆ, ಅದೂ ಸರ್ಕಾರವೇ ಮಾಡಿದ ವಿಳಂಬದ ನಂತರ. ಕೊಳಗ ಅದೇ, ಕಣ ಬೇರೆ.

2021ರ ಮಾರ್ಚ್ 25ರಂದು ನಿತಿಶಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ ಇದನ್ನು ಪರೋಕ್ಷ ತಾರತಮ್ಯವೆಂದು ಕರೆಯಿತು. ಅಮೆರಿಕದ 1971ರ ಗ್ರಿಗ್ಸ್ ತೀರ್ಪು, ಕೆನಡಾದ 2020ರ ಫ್ರೇಸರ್ ತೀರ್ಪು ಇವನ್ನೆಲ್ಲ ಚರ್ಚಿಸಿ, ಮೇಲುನೋಟಕ್ಕೆ ಸಮಾನವಾಗಿ ಕಾಣುವ ನಿಯಮ ಒಂದು ಗುಂಪಿನ ಮೇಲೆ ಮಾತ್ರ ಭಾರವಾಗಿ ಬೀಳುವುದನ್ನು ಸಂವಿಧಾನದ ಸಮಾನತೆಯ ಚೌಕಟ್ಟಿನಲ್ಲಿ ಇಟ್ಟು ನೋಡಿತು. ಶೇಪ್ ಮಾನದಂಡವನ್ನು ಅದು ರದ್ದು ಮಾಡಲಿಲ್ಲ; ಸೇನೆಗೆ ಆರೋಗ್ಯವಂತರು ಬೇಕೆಂಬುದನ್ನು ಪ್ರಶ್ನಿಸಲೂ ಇಲ್ಲ. ಪ್ರಶ್ನಿಸಿದ್ದು ಜಾರಿಯ ಹೊತ್ತನ್ನು. ಪರಿಹಾರವೂ ಅದಕ್ಕೆ ತಕ್ಕಂತೆ ಇತ್ತು: ಪ್ರತಿಯೊಬ್ಬರ 5ನೇ ಅಥವಾ 10ನೇ ವರ್ಷದ ವೈದ್ಯಕೀಯ ದರ್ಜೆಯನ್ನು ಹಳೆಯ ದಾಖಲೆಯಿಂದ ತೆಗೆದು ನೋಡಿ, ಆಗ ಅರ್ಹರಿದ್ದರೆ ಅರ್ಹರೆಂದೇ ಪರಿಗಣಿಸಿ. ಆಮೇಲೂ ಎಲ್ಲ ಸರಾಗವಾಗಲಿಲ್ಲ. 72 ಅಧಿಕಾರಿಗಳು ಮತ್ತೆ ಕೋರ್ಟಿಗೆ ಬಂದರು. 2021ರ ಅಕ್ಟೋಬರ್‌ನಲ್ಲಿ ಅವರಲ್ಲಿ 39 ಜನರಿಗೆ ಕಾಯಂ ಕಮಿಷನ್ ಸಿಕ್ಕಿತು. ನವೆಂಬರ್‌ನಲ್ಲಿ ನ್ಯಾಯಾಂಗ ನಿಂದನೆಯ ಮಾತು ಬಂದ ಮೇಲೆ ಇನ್ನಷ್ಟು ಜನರಿಗೆ ಕೊಡಲು ಸೇನೆ ಒಪ್ಪಿತು.

ಈ ಗೆಲುವನ್ನು ಮಹಿಳಾ ಸಮಾನತೆಯ ಅಧ್ಯಾಯವಾಗಿ ಬಹಳ ಜನ ಓದಿದ್ದಾರೆ. ಸರಿಯೇ. ನನಗೆ ಅದು ಸಾಕ್ಷ್ಯದ ಅಧ್ಯಾಯವಾಗಿಯೂ ಕಾಣುತ್ತದೆ. ನಾನು ಫಿಟ್ ಆಗಿದ್ದೇನೆ ಎಂದು ಒಬ್ಬ ಅಧಿಕಾರಿ ಹೇಳಿಕೊಂಡಿದ್ದರೆ ವೈದ್ಯರ ಮಂಡಳಿಯ ಮಾತಿನ ಮುಂದೆ ಅದು ನಿಲ್ಲುತ್ತಿರಲಿಲ್ಲ. ನೂರಾರು ಜನರ ದಾಖಲೆಯನ್ನು ಗಂಡಸರ ದಾಖಲೆಯ ಪಕ್ಕದಲ್ಲಿಟ್ಟಾಗ ಕೊಳಗದ ಆಕಾರ ಕಂಡಿತು. ಅಳತೆಯ ಅನ್ಯಾಯ ಒಂಟಿಯಾಗಿ ಕಾಣುವಂಥದ್ದಲ್ಲ, ಹೋಲಿಕೆಯಲ್ಲಿ ಮಾತ್ರ ಕಾಣುವಂಥದ್ದು. ನಮ್ಮ ಸೇನಾ ಕಾನೂನಿನ ದೂರಿನ ವ್ಯವಸ್ಥೆಗೆ ಹೊಂದದೇ ಇರುವುದು ಇದೇ.

1950ರ ಸೇನಾ ಕಾಯ್ದೆಯ 26ನೇ ಕಲಂ ಪ್ರಕಾರ ಮೇಲಧಿಕಾರಿಯಿಂದ ಅನ್ಯಾಯವಾಯಿತೆಂದು ಭಾವಿಸುವ ಜವಾನ ತನ್ನ ತುಕಡಿಯ ಅಧಿಕಾರಿಗೆ ದೂರು ಕೊಡಬಹುದು. ದೂರು ಆ ಅಧಿಕಾರಿಯ ಮೇಲೆಯೇ ಇದ್ದರೆ ಅವರ ಮೇಲಿನವರಿಗೆ. ಅಧಿಕಾರಿಗಳಿಗೆ 27ನೇ ಕಲಂ ಇದ್ದು, ಕಮಾಂಡಿಂಗ್ ಅಧಿಕಾರಿಯಲ್ಲಿ ಪರಿಹಾರ ಸಿಗದಿದ್ದರೆ ಕೇಂದ್ರ ಸರ್ಕಾರದವರೆಗೂ ಹೋಗಬಹುದು. ದೂರು ಸ್ವೀಕರಿಸಿದವರು ಸಾಧ್ಯವಾದಷ್ಟು ಪೂರ್ಣ ತನಿಖೆ ನಡೆಸಬೇಕೆಂದು 26ನೇ ಕಲಮೇ ಹೇಳುತ್ತದೆ. ಒಳ್ಳೆಯ ಮಾತು. ಆದರೆ ಎರಡೂ ಕಲಂ ಒಬ್ಬ ವ್ಯಕ್ತಿಯ ದೂರನ್ನು ಮಾತ್ರ ಬಲ್ಲವು. ಹತ್ತು ಜನ ಸೇರಿ ಸಹಿ ಹಾಕಿದ ಮನವಿಗೆ ಸೇನೆಯಲ್ಲಿ ಜಾಗವಿಲ್ಲ, ಅದು ಶಿಸ್ತಿನ ಉಲ್ಲಂಘನೆ. ಪತ್ರಿಕೆಗೆ ಬರೆಯುವುದನ್ನು 1954ರ ಸೇನಾ ನಿಯಮಗಳ 21ನೇ ನಿಯಮ ತಡೆಯುತ್ತದೆ. ಇಂಥ ಕಟ್ಟುಪಾಡುಗಳಿಗೆ ಸಂವಿಧಾನದ 33ನೇ ವಿಧಿಯೇ ಆಧಾರ. ದೂರಿನಲ್ಲಿ ಇನ್ನೊಬ್ಬರ ಚಾರಿತ್ರ್ಯಕ್ಕೆ ತಾಗುವ ಸುಳ್ಳನ್ನು ತಿಳಿದೂ ಬರೆದರೆ ಸೇನಾ ಕಾಯ್ದೆಯ 56ನೇ ಕಲಂ ಪ್ರಕಾರ 5 ವರ್ಷದವರೆಗೆ ಸೆರೆವಾಸ. ಸುಳ್ಳಿಗೆ ಶಿಕ್ಷೆ ಇರಬೇಕು, ನಿಜ. ಹೋಲಿಕೆಯ ದಾಖಲೆ ಕೈಯಲ್ಲಿಲ್ಲದ ಜವಾನನಿಗೆ ಮಾತ್ರ ಆ ಕಲಂ ನಿಜ ಹೇಳಲೂ ಹೆದರಿಕೆ ಹುಟ್ಟಿಸುತ್ತದೆ. ಕಾಗೋಡಿನವರು ಒಟ್ಟಾಗಿ ನಿಂತರು. ಬ್ಯಾರಕ್ಕಿನಲ್ಲಿರುವ ಅವರ ಮೊಮ್ಮಕ್ಕಳು ಒಬ್ಬೊಬ್ಬರಾಗಿಯೇ ಅರ್ಜಿ ಬರೆಯಬೇಕು.

ಇಷ್ಟಿದ್ದೂ ಒಬ್ಬೊಬ್ಬರಾಗಿ ಹೋದವರು ಗೆದ್ದದ್ದುಂಟು. ಲೋ ಕೆಟಗರಿ ಎಂಬ ಕಾರಣಕ್ಕೆ ಬಿಡುಗಡೆಯಾದ ಜೂನಿಯರ್ ಕಮಿಷನ್ಡ್ ಅಧಿಕಾರಿ ರಾಜಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ನವೆಂಬರ್‌ನಲ್ಲಿ ಹೇಳಿದ್ದು ಇಷ್ಟು: ಅನಾರೋಗ್ಯದ ಕಾರಣಕ್ಕೆ ಮನೆಗೆ ಕಳಿಸುವುದಾದರೆ ಅದಕ್ಕೆಂದೇ ಇರುವ ಇನ್‌ವ್ಯಾಲಿಡಿಂಗ್ ಬೋರ್ಡಿನ ಮುಂದೆ ತರಬೇಕು, ಸಾಮಾನ್ಯ ಬಿಡುಗಡೆಯ ಬೋರ್ಡು ಸಾಲದು. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣ ಇನ್ನೊಂದು ತತ್ವ ಕೊಟ್ಟಿತು. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲವೆಂದರೆ ಸೈನಿಕ ಆರೋಗ್ಯವಂತನಾಗಿಯೇ ಬಂದನೆಂದು ತಿಳಿಯಬೇಕು. ಅದೇ ವರ್ಷ ವೀರ್‌ಪಾಲ್ ಸಿಂಗ್ ಪ್ರಕರಣದಲ್ಲಿ, ಮೆಡಿಕಲ್ ಬೋರ್ಡಿನ ಅಭಿಪ್ರಾಯ ಪ್ರಶ್ನೆಗೆ ಅತೀತವಲ್ಲ ಎಂದಾಯಿತು. ಮೂರರಲ್ಲೂ ತೀರ್ಪು ನಿಂತದ್ದು ಬೋರ್ಡು ಯಾವುದು, ಅದು ಏನು ಬರೆಯಿತು, ಸೇರುವಾಗ ಏನು ಬರೆದಿತ್ತು ಎಂಬ ಕಾಗದದ ಮೇಲೆ.

2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಲ್ಲಿ ಕೆಲಸ ಆರಂಭಿಸಿತು. ಶಿವಮೊಗ್ಗದ ಜವಾನನಿಗೆ ಅದರ ಕೊಚ್ಚಿ ಪೀಠ. ಅಲ್ಲಿಗೆ ಹೋಗುವ ಮುನ್ನ ಒಳಗಿನ ದೂರು ಮುಗಿದಿರಬೇಕು. ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಮುಗಿದಂತೆಯೇ ಲೆಕ್ಕ. ಇನ್ನೂ ಸೇರದ ಅಭ್ಯರ್ಥಿ ಸೇನಾ ಕಾಯ್ದೆಯ ಒಳಗಿನವನಲ್ಲ, ಆದ್ದರಿಂದ ರ‍್ಯಾಲಿಯಲ್ಲಿ ಅನ್‌ಫಿಟ್ ಆದವನ ದಾರಿ ಮರುಪರೀಕ್ಷೆಗೆ ಸೇನಾ ಆಸ್ಪತ್ರೆ, ಆಮೇಲೆ ಹೈಕೋರ್ಟ್.

ಆರು ತಿಂಗಳು ಎಂಬುದು ಹದಿನೈದು ವರ್ಷದ ಸೇವೆಯಲ್ಲಿ ಸಣ್ಣ ಅವಧಿ. ಅಗ್ನಿವೀರನ ನಾಲ್ಕು ವರ್ಷದಲ್ಲಿ ಅದು ಎಂಟನೇ ಒಂದು ಭಾಗ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಕೊನೆಗೆ ಗರಿಷ್ಠ ಶೇ 25ರಷ್ಟು ಜನ ಮಾತ್ರ ಉಳಿಯುತ್ತಾರೆ. ಉಳಿಸಿಕೊಳ್ಳುವ ಲೆಕ್ಕದಲ್ಲಿ ದೈಹಿಕ ಪರೀಕ್ಷೆಗಳಿಗೂ ತೂಕವಿದೆ. ಹಿಂದೆ ಒಂದು ಸಲ ಓಟದಲ್ಲಿ ಹಿಂದೆ ಬಿದ್ದರೆ ಮುಂದಿನ ಸಲ ಸರಿಪಡಿಸಿಕೊಳ್ಳಬಹುದಿತ್ತು. ಈಗ ಒಂದು ಅಂಕ ಇಡೀ ನೌಕರಿಯನ್ನು ತೂಗಬಹುದು. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ 8ರಂದು 83 ಮಹಿಳಾ ಜವಾನರ ಮೊದಲ ತಂಡ ಹೊರಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ನಂತರ ಸೇರುತ್ತಿರುವ ಹೆಣ್ಣುಮಕ್ಕಳೂ ಈಗ ಅಗ್ನಿವೀರರೇ. ನಿತಿಶಾ ತೀರ್ಪು ತೋರಿಸಿದ ಹೊತ್ತಿನ ಪ್ರಶ್ನೆ ಇವರಿಗೂ ಎದುರಾಗದೆ ಇರದು. ಗಾಯದ ರಜೆಯಿಂದ ಮರಳಿದ ವಾರದಲ್ಲೇ ಪರೀಕ್ಷೆಗೆ ನಿಲ್ಲಿಸಿದರೆ ಅಂಕ ಹೇಗಿರುತ್ತದೆ, ಪಕ್ಕದ ತುಕಡಿಯಲ್ಲಿ ಅಂಥವರಿಗೆ ಎಷ್ಟು ದಿನ ಬಿಡುವು ಕೊಟ್ಟರು ಎಂದು ಕೇಳುವ ಹಕ್ಕು ಇವರಿಗಿದೆ. ಉತ್ತರ ಹುಡುಕುವ ಸಾಧನ ಇಲ್ಲ.

ಸಾಧನ ಒದಗಿಸುವುದು ಸೇನೆಗೆ ಕಷ್ಟದ ಕೆಲಸವಲ್ಲ. ಪ್ರತಿ ಘಟಕದಲ್ಲಿ ಎಷ್ಟು ಜನ ಪರೀಕ್ಷೆಗೆ ನಿಂತರು, ಎಷ್ಟು ಜನ ಹಿಂದೆ ಬಿದ್ದರು, ಎಷ್ಟು ಜನರಿಗೆ ಮರುಅವಕಾಶ ಸಿಕ್ಕಿತು, ವಯಸ್ಸು ಮತ್ತು ಲಿಂಗದ ಲೆಕ್ಕದಲ್ಲಿ ಇದು ಹೇಗಿದೆ ಎಂಬ ಪಟ್ಟಿಯನ್ನು ಹೆಸರು ತೆಗೆದು, ದೂರು ಕೊಟ್ಟವರಿಗೆ ತೋರಿಸಿದರೆ ದೇಶದ ಭದ್ರತೆಗೆ ಧಕ್ಕೆಯಾಗದು. ಮಾಹಿತಿ ಹಕ್ಕು ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ಭಾರತೀಯ ಸೇನೆ ಇಲ್ಲ. ಗುಪ್ತಚರ ಸಂಸ್ಥೆಗಳೂ ಕೆಲವು ಅರೆಸೇನಾ ಪಡೆಗಳೂ ಇವೆ. ತನ್ನ ಮೆಡಿಕಲ್ ಬೋರ್ಡಿನ ಕಾಗದವನ್ನು ಸೈನಿಕ ಈ ಕಾಯ್ದೆಯಡಿ ಕೇಳಬಹುದು. ಭರ್ತಿಯಾಗಿ ಹೊರಟ ಮಕ್ಕಳಿಗೆ ಆನಂದಪುರದ ತಂದೆತಾಯಂದಿರು ಒಂದು ಮಾತು ಹೇಳಿ ಕಳಿಸಲಿ ಎಂದು ಕೋರುತ್ತೇನೆ: ಸೇರುವಾಗಿನ ವೈದ್ಯಕೀಯ ಪತ್ರದಿಂದ ಹಿಡಿದು ವರ್ಷವರ್ಷದ ಪರೀಕ್ಷೆಯವರೆಗೆ ಪ್ರತಿಯೊಂದರ ನಕಲನ್ನು ಕೇಳಿ ಪಡೆದು, ತಾರೀಖು ಬರೆದು ಮನೆಯಲ್ಲಿಡಿ.