ಸಂಸ್ಥಾಶಕ್ತಿಯೂ ನೂತನ ಕಾರ್ಯಗಳೂ: ವಿಜಾಪುರದ ಒಂದು ನಿದರ್ಶನ

ತೊರವಿಯ ಬಯಲಿನಲ್ಲಿ ನಿಂತು ನೋಡುವವರಿಗೆ ಸಂಗೀತಮಹಲಿನ ಮುರಿದ ಕಮಾನುಗಳು ಇಂದಿಗೂ ಕಣ್ಣಿಗೆ ಬೀಳುವುವು. ಕ್ರಿ. ಶ. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹನು ಇಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಲು ತೊಡಗಿದನು. ಅರಸನು ಸಂಗೀತರಸಿಕನು, ಕಲೆಗಳಿಗೆ ಆಶ್ರಯದಾತನು. ಕುಶಲರಾದ ಶಿಲ್ಪಿಗಳಿಗೂ ಕೊರತೆಯಿರಲಿಲ್ಲ. ಆದಾಗ್ಯೂ 1624ರಲ್ಲಿ ಮಲಿಕ ಅಂಬರನ ದಂಡು ಬಂದು ಹಾಳುಗೆಡವಿದ ತರುವಾಯ ಆ ನಗರವು ಮತ್ತೆ ತಲೆಯೆತ್ತಲಿಲ್ಲ. ಪ್ರಭುವೊಬ್ಬನ ಇಚ್ಛೆಯಿಂದ ಹುಟ್ಟಿದುದು ಆತನ ಕಣ್ಣೆದುರಿನಲ್ಲಿಯೇ ಅಳಿಯಿತು. ಹಾಗಾದರೆ ಹೊಸ ಕಾರ್ಯವು ಯಾವುದರಿಂದ ಬೇರೂರುವುದು? ಇದಕ್ಕೆ ಉತ್ತರವು ಸಮೀಪದ ವಿಜಾಪುರದಲ್ಲಿಯೇ, ಈಚಿನ ಶತಮಾನದ ಇತಿಹಾಸದಲ್ಲಿ ದೊರೆಯುವುದು.

ರಾವಬಹಾದ್ದೂರ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಜನಿಸಿ, 1904ರಲ್ಲಿ ವಕೀಲಿ ವೃತ್ತಿಯ ನಿಮಿತ್ತ ವಿಜಾಪುರಕ್ಕೆ ಬಂದರು. ಬರಗಾಲದಿಂದ ಬಳಲಿದ ಜಿಲ್ಲೆ. ಓದುಬರಹ ಬಲ್ಲವರು ವಿರಳ. ರೈತರೂ ಸಣ್ಣ ವ್ಯಾಪಾರಿಗಳೂ ಸಾವುಕಾರರ ಬಡ್ಡಿಯಲ್ಲಿ ಸಿಕ್ಕವರು. ಅವರು ಜನರ ಒಂದೊಂದು ಕೊರತೆಯನ್ನು ಕಂಡಾಗಲೂ ಅದಕ್ಕೆ ತಕ್ಕ ಒಂದೊಂದು ಸಂಸ್ಥೆಯನ್ನು ನಿಲ್ಲಿಸಲು ಶ್ರಮಿಸಿದರು. ವಿದ್ಯೆಗಾಗಿ 1910ರಲ್ಲಿ, ಇಂದು ಬಿ. ಎಲ್. ಡಿ. ಇ. ಎಂದು ಪ್ರಸಿದ್ಧವಾದ ವಿದ್ಯಾಸಂಸ್ಥೆಯು ಹುಟ್ಟಿತು. ಹಣದ ಅನುಕೂಲತೆಗಾಗಿ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟಿತು. ಸಹಕಾರದ ಕಾಯದೆಯೇ ಈ ದೇಶಕ್ಕೆ 1904ರಲ್ಲಿ ಬಂದುದೆಂಬುದನ್ನು ನೆನೆದರೆ, ಬಯಲುಸೀಮೆಯ ಜನರಿಗೆ ಆ ಬ್ಯಾಂಕು ಎಷ್ಟು ಹೊಸದಾಗಿದ್ದೀತೆಂಬುದು ಊಹೆಗೆ ನಿಲುಕುವುದು.

ಇವೆಲ್ಲವುಗಳಿಗಿಂತಲೂ ಕಠಿನವಾದುದು ವಚನಗಳ ಪ್ರಕಟನೆ. ಶರಣರ ವಚನಗಳು ತಾಡವೋಲೆಯ ಕಟ್ಟುಗಳಲ್ಲಿ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಚದರಿಹೋಗಿದ್ದವು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು, ಪ್ರತಿಗಳನ್ನು ಪರಿಶೀಲಿಸಿದರು. ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದ ಹಸ್ತಪ್ರತಿಯು ಅಚ್ಚಾಗದೆ ಮರಳಿ ಬಂದಿತೆಂದು ಹೇಳುವರು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವು ಬೆಳಕನ್ನು ಕಂಡಿತು. ವಸ್ತುವು ಎಂಟು ನೂರು ವರ್ಷಗಳಷ್ಟು ಹಳೆಯದು; ವಿಷಯಾನುಸಾರವಾಗಿ ಜೋಡಿಸಿ ಸಾಮಾನ್ಯ ವಾಚಕನ ಕೈಗೆ ಕೊಟ್ಟ ರೀತಿಯು ಹೊಸದು.

ಪರರ ಮುದ್ರಣಾಲಯವನ್ನೇ ನಂಬಿ ಕಾರ್ಯವು ಸಾಗದೆಂದು ಕಂಡು, ವಾಸದ ಮನೆಯನ್ನೂ ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷವೇ 'ಶಿವಾನುಭವ' ಪತ್ರಿಕೆಯು ಹೊರಟಿತು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ ಅವರಿಗೆ ಲಭಿಸಿತು. 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯು ಹುಟ್ಟಿತು. ಇನ್ನೂರಕ್ಕೂ ಮಿಕ್ಕಿದ ವಚನಕಾರರ ಹೆಸರುಗಳು ಇವರ ಪರಿಶ್ರಮದಿಂದ ನಾಡಿಗೆ ತಿಳಿದುವು. 1964ರಲ್ಲಿ ಅವರು ಲಿಂಗೈಕ್ಯರಾದರು. ಆದರೆ ವಿದ್ಯಾಸಂಸ್ಥೆಯು ನಿಲ್ಲಲಿಲ್ಲ. ಅವರ ಹೆಸರಿನ ಸಂಶೋಧನ ಕೇಂದ್ರವನ್ನು ಇಂದು ಆ ಸಂಸ್ಥೆಯೇ ನಡೆಸುತ್ತಿರುವುದು.

ವಾಚಕರೆ, ಇಲ್ಲಿ ಮೂರು ಸಂಗತಿಗಳು ಗಮನಿಸತಕ್ಕವು. ಒಂದು: ಹೊಸತನವು ಕೊರತೆಯ ಅರಿವಿನಿಂದ ಹುಟ್ಟಿತೇ ಹೊರತು ಹೊಸತನದ ಮೋಹದಿಂದಲ್ಲ. ಎರಡು: ಕಾರ್ಯಗಳು ಒಂದಕ್ಕೊಂದು ಆಸರೆಯಾದುವು; ಶಾಲೆಯಿಲ್ಲದೆ ವಾಚಕರಿಲ್ಲ, ಮುದ್ರಣಾಲಯವಿಲ್ಲದೆ ಪತ್ರಿಕೆಯಿಲ್ಲ, ಪತ್ರಿಕೆಯಿಲ್ಲದೆ ಗ್ರಂಥಕ್ಕೆ ಪ್ರಚಾರವಿಲ್ಲ. ಮೂರು: ನಷ್ಟವನ್ನು ಹೊರುವ ಎದೆಯಿತ್ತು. ನವರಸಪುರಕ್ಕೆ ಅರಸನಿದ್ದನು, ಅದನ್ನು ತನ್ನದೆಂದು ಮತ್ತೆ ಕಟ್ಟುವ ಜನರಿರಲಿಲ್ಲ. ಇಲ್ಲಿ ಒಬ್ಬ ವಕೀಲರು ಹಚ್ಚಿದ ದೀಪಕ್ಕೆ ಅನೇಕರು ಎಣ್ಣೆ ಎರೆದರು.

ಈಗ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ವಚನಗಳನ್ನು ಶತಮಾನಗಳ ಕಾಲ ಕಾಪಾಡಿದವರಲ್ಲಿ ಮಠಗಳು ಮುಖ್ಯವಾದುವು. ಇದು ನಮ್ಮ ಹೆಮ್ಮೆ. ಆದರೆ ಆ ಕಟ್ಟುಗಳನ್ನು ಬಿಚ್ಚಿ ಲೋಕಕ್ಕೆ ಓದಿಸಲು ನ್ಯಾಯಾಲಯದಿಂದ ಒಬ್ಬ ವಕೀಲರು ಬರಬೇಕಾಯಿತು. ಇದು ನಮ್ಮ ಕೊರತೆ. ಪಾಠಶಾಲೆಯಲ್ಲಿ ಓದಿದ ನಮ್ಮಂಥವರು ಓಲೆಗೆ ವಿಭೂತಿಯನ್ನು ಧರಿಸಿ ಪೂಜಿಸಿದೆವು, ಬಿಚ್ಚಿ ಓದಿದುದು ಕಡಿಮೆ. ಅನುಭವಮಂಟಪವು ನುಡಿಯನ್ನು ಬಚ್ಚಿಡಲಿಲ್ಲ. ಕಾಯಕದ ಜನರನ್ನು ಕೂಡಿಸಿ ನುಡಿಯಿಸಿತು. ನಾವು ಅದರ ವಾರಸುದಾರರೆಂದು ಹೇಳಿಕೊಳ್ಳುವುದಾದರೆ ಆ ನಡೆಯೂ ನಮಗೆ ಬರಬೇಕು.

ಇಂದು ಅದೇ ತೊರವಿಯ ಬಯಲಿನಲ್ಲಿ, 2003ರಲ್ಲಿ ಸ್ಥಾಪಿತವಾಗಿ ಅಕ್ಕಮಹಾದೇವಿಯ ಹೆಸರನ್ನು ಹೊತ್ತ ಮಹಿಳಾ ವಿಶ್ವವಿದ್ಯಾನಿಲಯವಿದೆ. ಅಲ್ಲಿಯ ವಿದ್ಯಾರ್ಥಿನಿಯರು ಅಕ್ಕನ ವಚನವನ್ನು ಅಚ್ಚಿನ ಪುಸ್ತಕದಲ್ಲಿ ಓದುವರು. ಹಾಗೆ ಓದಲು ಸಾಧ್ಯವಾದುದು ಯಾರ ತ್ಯಾಗದಿಂದ ಎಂಬುದನ್ನು ನಾವು ಮರೆಯಲಾಗದು. ಆದುದರಿಂದ ಈ ಮಹೋತ್ಸವದ ವೆಚ್ಚದಲ್ಲಿ ಒಂದು ಪಾಲನ್ನು ಮಠಗಳಲ್ಲಿ ಉಳಿದ ಓಲೆಗಳ ಛಾಯಾಪ್ರತಿಗಳನ್ನು ತೆಗೆಯಲು ಮೀಸಲಿಡಬೇಕು. ಓಲೆಯನ್ನು ಓದಬಲ್ಲ ತರುಣರನ್ನು ಸಿದ್ಧಪಡಿಸಬೇಕು. ಅವರು ತಪ್ಪಿದರೆ ಗದರಿಸದೆ ತಿದ್ದಬೇಕು. ಮಂಟಪವನ್ನು ನಾಳೆ ಬಿಚ್ಚುವರು. ಓದಿಸಿದ ಓಲೆಯು ಉಳಿಯುವುದು. ಶ್ರೀಗುರುವು ನಮಗೆ ಆ ಬುದ್ಧಿಯನ್ನು ದಯಪಾಲಿಸಲಿ.