ಕೌದಿಯಿಂದ ಫೋಮ್‌ವರೆಗೆ: ನೀವು ಕೂತ ಸೀಟಿನ ಕಥೆ



ಇವತ್ತಿನ ಕಥೆಯನ್ನ ಮುರಗೋಡದ ಬಸ್ ಸ್ಟ್ಯಾಂಡಿನಿಂದ ಶುರು ಮಾಡೋಣ. ಬೈಲಹೊಂಗಲದಿಂದ ಯರಗಟ್ಟಿ ಕಡೆ ಹೋಗೋ ಬಸ್ ಬಂದು ನಿಂತಿದೆ. ಇಳಿಯೋರು ಇನ್ನೂ ಬಾಗಿಲಲ್ಲೇ ಇದ್ದಾರೆ. ಅಷ್ಟರಲ್ಲಿ ಒಂದು ಕಿಟಕಿಯಿಂದ ಒಳಗೆ ಕರ್ಚೀಫ್ ಬಿತ್ತು, ಇನ್ನೊಂದರಿಂದ ಟವೆಲ್, ಅದರ ಹಿಂದೆ ಒಂದು ಕಾಲೇಜ್ ಬ್ಯಾಗ್. ಸೀಟ್ ಬುಕ್ ಆಯ್ತು! ಇದಕ್ಕೆ ಯಾವ ಆ್ಯಪ್ ಬೇಕು ಹೇಳಿ?

ಇಷ್ಟು ಗುದ್ದಾಡಿ ಹಿಡಿದ ಸೀಟನ್ನ ನಾವು ಯಾವತ್ತಾದ್ರೂ ಸರಿಯಾಗಿ ಮುಟ್ಟಿ ನೋಡಿದ್ದೀವಾ? ಸರಕಾರಿ ಬಸ್ಸಿನ ಸೀಟು ಸಾಮಾನ್ಯವಾಗಿ ಕೈಗೆ ನುಣ್ಣಗೆ, ರೆಕ್ಸಿನ್ ಥರ ಇರುತ್ತೆ. ಅದೇ ನಿಮ್ಮ ಸೋದರಮಾವನ ಹೊಸ ಕಾರಿನ ಬಟ್ಟೆ ಸೀಟನ್ನ ಒತ್ತಿ ನೋಡಿ. ಬೆರಳಿಟ್ಟರೆ ತಗ್ಗುತ್ತೆ, ಬಿಟ್ಟರೆ ಮೇಲೆ ಬರುತ್ತೆ, ಅಷ್ಟೆಲ್ಲ ಉಬ್ಬು ತಗ್ಗು ಇದ್ದರೂ ಒಂದು ಸುಕ್ಕಿಲ್ಲ. ಆ ಬಟ್ಟೆ ಹಿಗ್ಗುತ್ತೆ, ಅದರ ಬೆನ್ನಿಗೆ ತೆಳುವಾದ ಫೋಮ್ ಅಂಟಿಕೊಂಡಿರುತ್ತೆ.

ಈ ಬಟ್ಟೆ ಎಲ್ಲಿಂದ ಬಂತು? ಅದು ಬರೋ ಮುಂಚೆ ನಮ್ಮ ಕಡೆಯ ಜನ ಯಾತರ ಮೇಲೆ ಕೂತು ಪ್ರಯಾಣ ಮಾಡ್ತಿದ್ರು? ಅದು ಹಳೇದಾದ್ರೆ ಏನಾಗುತ್ತೆ? ಇವತ್ತು ಈ ಮೂರೇ ಪ್ರಶ್ನೆ. ಮೂರನೆಯದಕ್ಕೆ ನಿಮ್ಮ ಮನೆಯ ನೀರೊಲೆಗೂ ಸಂಬಂಧ ಇದೆ, ಅದಕ್ಕೇ ಕೊನೆತನಕ ಕೇಳಿ.

ಚಕ್ಕಡಿಯೊಳಗಿನ ಮೆತ್ತೆ

ಬಸ್ಸಿಗಿಂತ ಮುಂಚೆ ಇದ್ದದ್ದು ಚಕ್ಕಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತು ಅಂದ್ರೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಸಾಲುಸಾಲು ಚಕ್ಕಡಿ ಹೊರಡುತ್ತಿದ್ದವು. ಈಗಲೂ ಕೆಲವರು ಹಾಗೇ ಹೋಗ್ತಾರೆ. ಕಬ್ಬಿಣದ ಹಳಿ ಬಡಿದ ಕಟ್ಟಿಗೆ ಗಾಲಿ, ಕಲ್ಲಿನ ದಾರಿ. ಒಂದೊಂದು ಕುಲುಕಿಗೂ ಸೊಂಟ ಮಾತಾಡುತ್ತೆ. ಅದಕ್ಕೆ ಜನ ಏನು ಮಾಡಿದ್ರು? ಕೆಳಗೆ ಮೇವು ಅಥವಾ ಹುಲ್ಲು ಹರಡಿದರು, ಅದರ ಮೇಲೆ ಕಂಬಳಿ ಅಥವಾ ಜಮಖಾನ, ಅದರ ಮೇಲೆ ಕೌದಿ.

ಲೆಕ್ಕ ಹಾಕಿ ನೋಡ್ರಿ, ಮೂರು ಪದರ ಆಯ್ತು. ಕೆಳಗಿನ ಹುಲ್ಲು ಕುಲುಕನ್ನ ನುಂಗುತ್ತೆ, ನಡುವಿನದು ಹುಲ್ಲು ಚುಚ್ಚದಂತೆ ತಡೀತದೆ, ಮೇಲಿನದು ಮೈಗೆ ಮೆತ್ತಗಿರುತ್ತೆ. ಇವತ್ತಿನ ಕಾರಿನ ಸೀಟಿನಲ್ಲೂ ಇದೇ ತರಹ ಪದರದ ಮೇಲೆ ಪದರ ಇದೆ. ಸಾಮಾನು ಮಾತ್ರ ಬೇರೆ.

ಕೌದಿಯೂ ಪದರದ ಕೆಲಸವೇ. ಹಳೇ ಸೀರೆ, ಧೋತರ, ಹರಿದ ಅಂಗಿ, ಎಲ್ಲ ಒಂದರ ಮೇಲೊಂದು ಹಾಸಿ ಸಣ್ಣ ಓಟದ ಹೊಲಿಗೆ ಹಾಕ್ತಾರೆ. ಕಿತ್ತೂರಿನಿಂದ ಆಚೆ ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕೌದಿ ಇವತ್ತು ಬೇರೆ ದೇಶಗಳ ಪ್ರದರ್ಶನಕ್ಕೂ ಹೋಗಿದೆ. ಅವರು ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರ್ತಾರೆ. ಇಲ್ಲಿ ನೆನಪಿಟ್ಟುಕೊಳ್ಳಬೇಕಾದ ವಿಷಯ ಒಂದೇ: ಕೌದಿಯ ಪದರಗಳನ್ನ ಹಿಡಿದಿರೋದು ದಾರ. ದಾರ ಬಿಚ್ಚಿದರೆ ಪದರ ಬಿಡಿಸಬಹುದು. ಹರಿದ ಕಡೆ ಇನ್ನೊಂದು ತುಂಡು ಹಚ್ಚಬಹುದು.

ಹತ್ತಿ ನಮ್ಮದು, ಆದರೆ ಹಿಗ್ಗೋದಿಲ್ಲ

ಈ ಸೀಮೆಗೆ ಹತ್ತಿಯ ಕೊರತೆ ಇರಲಿಲ್ಲ. ಬೈಲಹೊಂಗಲ, ಸವದತ್ತಿ ಭಾಗದ ಎರೆ ಮಣ್ಣು ಹತ್ತಿಗೆ ಹೇಳಿ ಮಾಡಿಸಿದ್ದು. ಧಾರವಾಡ, ಬೆಳಗಾವಿ ಸೀಮೆಯ ನಾಟಿ ಹತ್ತಿಗೆ ಆಗಿನ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ ಹತ್ತಿ’. ಬೆಳೆದದ್ದು ಘಟ್ಟದ ಮೇಲೆ, ಹಡಗು ಹತ್ತಿದ್ದು ಕುಮಟಾ ಬಂದರಿನಲ್ಲಿ, ಹೆಸರು ಬಂದರಿಗೆ ಹೋಯ್ತು! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರದೇ ಹೋದಾಗ ಮ್ಯಾಂಚೆಸ್ಟರಿನ ಮಿಲ್ಲುಗಳು ಈ ಕಡೆಯ ಹತ್ತಿಗೂ ಕೈಚಾಚಿದವು. 1880ರ ದಶಕದಲ್ಲಿ ಗೋಕಾಕ ಫಾಲ್ಸ್ ಹತ್ತಿರ ನೂಲಿನ ಮಿಲ್ಲೂ ಶುರುವಾಯ್ತು. ಮುಂದೆ 1972ರಲ್ಲಿ ಧಾರವಾಡದಿಂದಲೇ ‘ವರಲಕ್ಷ್ಮಿ’ ಅನ್ನೋ ಹೆಸರಾಂತ ಹೈಬ್ರಿಡ್ ಹತ್ತಿ ಬಂತು.

ಇಷ್ಟು ಹತ್ತಿ ಇದ್ದರೂ ಗಾಡಿಯ ಸೀಟಿಗೆ ಹತ್ತಿ ಬಟ್ಟೆ ನಿಲ್ಲಲಿಲ್ಲ. ಕಾರಣ ಏನು? ಮಗ್ಗದಲ್ಲಿ ನೇಯ್ದ ಬಟ್ಟೆಯಲ್ಲಿ ಹಾಸು ನೂಲು, ಹೊಕ್ಕು ನೂಲು ಅಡ್ಡ ಉದ್ದ ಬಿಗಿಯಾಗಿ ಕೂತಿರುತ್ತೆ. ಎಳೆದರೆ ಹಿಗ್ಗೋದಿಲ್ಲ. ಉಬ್ಬಿದ ಸೀಟಿಗೆ ಹೊದಿಸಿದರೆ ಮೂಲೆಯಲ್ಲಿ ಸುಕ್ಕು ಬರುತ್ತೆ. ಮಳೆ ನೀರು, ಬೆವರು, ಧೂಳು ಎಲ್ಲ ಹೀರಿಕೊಳ್ಳುತ್ತೆ.

ಹಾಗಾಗಿ ಮೊದಲು ಗೆದ್ದದ್ದು ರೆಕ್ಸಿನ್. ಈಗ ಅದು ನಮ್ಮ ಮಾತಿನಲ್ಲಿ ಒಂದು ವಸ್ತುವಿನ ಹೆಸರು, ಮೂಲದಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಅನ್ನೋ ಊರಿನ ಕಂಪನಿಯ ಬ್ರ್ಯಾಂಡ್. ಹತ್ತಿ ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಅನ್ನೋ ರಾಸಾಯನಿಕದ ಲೇಪ ಹಚ್ಚಿ ಚರ್ಮದ ಥರ ಕಾಣೋ ಹಾಗೆ ಮಾಡ್ತಿದ್ರು. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಪಿವಿಸಿಯನ್ನ ಮೆತ್ತಗೆ ಮಾಡೋ ದಾರಿ ಕಂಡುಹಿಡಿದ ಮೇಲೆ ಆ ಜಾಗಕ್ಕೆ ಪಿವಿಸಿ ಲೇಪ ಬಂತು. ಒಳಗೆ ತೆಂಗಿನ ನಾರು ಅಥವಾ ಸ್ಪ್ರಿಂಗು, ಮೇಲೆ ರೆಕ್ಸಿನ್, ಸುತ್ತ ಮೊಳೆ. ಒದ್ದೆ ಅರಿವೆಯಿಂದ ಒರೆಸಿದರೆ ಸ್ವಚ್ಛ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅದರ ಮೇಲೆ ಕೂತವರಿಗೆ ಗೊತ್ತು, ಏಳುವಾಗ ಅಂಗಿ ಬೆನ್ನಿಗೆ ಅಂಟಿರುತ್ತೆ.

ಬನಿಯನ್ ಹೇಳೋ ವಿಜ್ಞಾನ

ಈಗ ಫೋಮ್ ಬಟ್ಟೆಗೆ ಬರೋಣ. ಇದರಲ್ಲಿ ಎರಡು ಸಂಶೋಧನೆ, ಒಂದು ಹಳೇ ಕಸುಬು ಸೇರಿವೆ.

ಮೊದಲ ಸಂಶೋಧನೆ ಫೋಮ್. 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಅವರ ಜೊತೆಗಾರರು ಪಾಲಿಯುರೆಥೇನ್ ಮಾಡಿದರು. ಅದರ ಮಿಶ್ರಣಕ್ಕೆ ನೀರು ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ, ಮಿಶ್ರಣ ಪಡ್ಡಿನ ಹಿಟ್ಟು ಹುದುಗಿ ಉಬ್ಬಿದ ಹಾಗೆ ಉಬ್ಬುತ್ತೆ. ಅದೇ ಫೋಮ್. ಮೆತ್ತಗಿನ ಫೋಮ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ.

ಎರಡನೆಯದು ಪಾಲಿಯೆಸ್ಟರ್ ನೂಲು. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅನ್ನೋ ಇಬ್ಬರು ಮಾಡಿದ್ದು. ಅವರು ಕೆಲಸ ಮಾಡ್ತಿದ್ದ ಸಂಸ್ಥೆಯ ಹೆಸರು ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್. ಕ್ಯಾಲಿಕೊ ಅಂದ್ರೆ ಹತ್ತಿ ಬಟ್ಟೆ. ಆ ಹೆಸರು ಬಂದದ್ದು ನಮ್ಮ ಪಕ್ಕದ ಕ್ಯಾಲಿಕಟ್, ಅಂದ್ರೆ ಕೋಯಿಕ್ಕೋಡಿನಿಂದ. ಅಂತೂ ಹತ್ತಿ ಬಟ್ಟೆಯ ಹೆಸರು ಹೊತ್ತ ಸಂಸ್ಥೆಯೊಳಗೇ ಹತ್ತಿಗೆ ಪೈಪೋಟಿ ಕೊಡೋ ನೂಲು ಹುಟ್ಟಿತು.

ಹಳೇ ಕಸುಬು ಅಂದ್ರೆ ಹೆಣಿಗೆ. ಬಟ್ಟೆ ಹಿಗ್ಗೋದು ಯಾಕೆ ಅಂತ ತಿಳಿಯೋಕೆ ಲ್ಯಾಬ್ ಬೇಕಿಲ್ಲ. ಅಜ್ಜನ ಧೋತರ ಎಳೆಯಿರಿ, ಹಿಗ್ಗೋದಿಲ್ಲ. ಅಜ್ಜನ ಬನಿಯನ್ ಎಳೆಯಿರಿ, ಹಿಗ್ಗುತ್ತೆ. ಎರಡೂ ಹತ್ತಿಯೇ! ಧೋತರ ನೇಯ್ದದ್ದು, ಬನಿಯನ್ ಹೆಣೆದದ್ದು. ಹೆಣೆದ ಬಟ್ಟೆಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಕೂತಿರುತ್ತೆ, ಎಳೆದಾಗ ಕುಣಿಕೆ ಆಕಾರ ಬದಲಿಸುತ್ತೆ. ಸೀಟಿನ ಬಟ್ಟೆಯ ಹಿಗ್ಗು ಬಹುಮಟ್ಟಿಗೆ ಈ ಕುಣಿಕೆಯಿಂದಲೇ ಬರೋದು.

ಹಾಗಾದ್ರೆ ಪಾಲಿಯೆಸ್ಟರ್ ಯಾಕೆ ಬೇಕು? ಹತ್ತಿ ಬನಿಯನ್ ಎರಡು ವರ್ಷಕ್ಕೆ ಜೋತು ಬೀಳುತ್ತೆ. ಪಾಲಿಯೆಸ್ಟರ್ ಬಟ್ಟೆಯನ್ನ ಬಿಸಿ ಕೊಟ್ಟು ಒಂದು ಆಕಾರಕ್ಕೆ ಕೂರಿಸಿದರೆ ಅದು ಆ ಆಕಾರಕ್ಕೇ ವಾಪಸ್ ಬರುತ್ತೆ. ಸವೆಯೋದೂ ಕಡಿಮೆ, ನೀರು ಕುಡಿಯೋದೂ ಕಡಿಮೆ.

ಇವೆರಡನ್ನೂ ಅಂಟಿಸೋದು ಹೇಗೆ ಗೊತ್ತಾ? ಬೆಂಕಿಯಿಂದ! ಫೋಮಿನ ಉದ್ದನೆಯ ಹಾಳೆಯನ್ನ ಗ್ಯಾಸಿನ ಉರಿಯ ಮುಂದೆ ವೇಗವಾಗಿ ಹಾಯಿಸ್ತಾರೆ. ಮೇಲ್ಮೈ ಮಾತ್ರ ಕರಗಿ ಅಂಟಾಗುತ್ತೆ, ಆ ಕ್ಷಣದಲ್ಲೇ ಬಟ್ಟೆಯನ್ನ ಅದರ ಮೇಲೆ ರೋಲರಿನಿಂದ ಒತ್ತುತ್ತಾರೆ. ಫೋಮಿನ ಹಿಂಬದಿಗೆ ಸಾಮಾನ್ಯವಾಗಿ ಇನ್ನೊಂದು ತೆಳು ಜಾಳಿಗೆ ಬಟ್ಟೆ ಹಚ್ತಾರೆ. ಅದಿಲ್ಲದಿದ್ದರೆ ಹೊಲಿಗೆ ಯಂತ್ರದಲ್ಲಿ ಫೋಮ್ ಸರಾಗವಾಗಿ ಜಾರೋದಿಲ್ಲ, ಹೊಲಿಗೆ ಹಾಕಿದ ಕಡೆ ಹರಿದುಬಿಡುತ್ತೆ. ಮತ್ತೆ ಮೂರು ಪದರ, ಚಕ್ಕಡಿಯ ಹಾಗೆ.

ನಮ್ಮ ದೇಶದಲ್ಲಿ ಇಂಥ ಬಟ್ಟೆಗೆ ಜಾಗ ಸಿಕ್ಕಿದ್ದು ಕಾರಿನ ಆಕಾರ ಬದಲಾದಾಗ. ಅಂಬಾಸಿಡರ್ ಕಾರಿನ ಮುಂದಿನ ಸೀಟು ಸೋಫಾದ ಹಾಗೆ ಒಂದೇ ಉದ್ದನೆಯದು. ಸಪಾಟು ಸೀಟಿಗೆ ಹಿಗ್ಗದ ರೆಕ್ಸಿನ್ ಸಾಕಿತ್ತು. 1983ರ ಡಿಸೆಂಬರ್ 14ರಂದು ಮಾರುತಿ 800 ರಸ್ತೆಗಿಳಿಯಿತು. ಅದರಲ್ಲಿ ಮುಂದೆ ಕೂರೋ ಇಬ್ಬರಿಗೂ ಬೇರೆ ಬೇರೆ ಸೀಟು. ಆಮೇಲೆ ಬಂದ ಕಾರುಗಳಲ್ಲಿ ಸೀಟಿನ ಉಬ್ಬು, ತಗ್ಗು, ತಿರುವು ಹೆಚ್ಚುತ್ತಾ ಹೋಯಿತು. ಅದೇ ಹೊತ್ತಿಗೆ, 1982ರಲ್ಲಿ, ಮಹಾರಾಷ್ಟ್ರದ ಪಾತಾಳಗಂಗಾದಲ್ಲಿ ರಿಲಯನ್ಸ್ ಪಾಲಿಯೆಸ್ಟರ್ ನೂಲು ತಯಾರಿಸೋಕೆ ಶುರು ಮಾಡಿತ್ತು. ಆ ದಶಕದಲ್ಲಿ ಪಾಲಿಯೆಸ್ಟರ್ ಊರೂರಿಗೂ ಬಂತು.

ಭಂಡಾರ, ಬೆಂಕಿ, ನೀರೊಲೆ

ಹಾಗಿದ್ದರೆ ನಮ್ಮ ವಾಯವ್ಯ ಸಾರಿಗೆಯ ಸಾದಾ ಬಸ್ಸಿಗೂ ಈ ಬಟ್ಟೆ ಯಾಕೆ ಹಾಕಲ್ಲ? ಎಲ್ಲಮ್ಮನ ಜಾತ್ರೆ ನೆನಪು ಮಾಡ್ಕೊಳ್ಳಿ. ‘ಉಧೋ ಉಧೋ’ ಅಂತ ಹಾರಿಸಿದ ಭಂಡಾರ ಮೈಮೇಲೆ, ತಲೆಮೇಲೆ, ಬುಟ್ಟಿಯಲ್ಲಿ. ಆ ಅರಿಷಿಣದ ಪುಡಿ ಫೋಮ್ ಬಟ್ಟೆಯೊಳಗೆ ಇಳಿದರೆ ತೊಳೆದು ತೆಗೆಯೋದು ಕಷ್ಟ. ಕಿಟಕಿಯಿಂದ ಮಳೆ ನೀರು ಬಂದರೆ ಫೋಮ್ ಕುಡಿಯುತ್ತೆ, ಬೇಗ ಒಣಗೋದಿಲ್ಲ, ವಾಸನೆ ಹಿಡಿಯುತ್ತೆ. ನೂರಾರು ಜನ ಹತ್ತಿ ಇಳಿಯೋ ಬಸ್ಸಿಗೆ ಒರೆಸಿದರೆ ಹೋಗೋ ಸೀಟೇ ಸರಿ.

ಎರಡನೇ ವಿಷಯ ಬೆಂಕಿ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮೆಹಬೂಬನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಯ ಕಟ್ಟೆಗೆ ಬಡಿದು ಹೊತ್ತಿ ಉರಿಯಿತು. 45 ಜನ ತೀರಿಕೊಂಡರು. ಅಲ್ಲಿ ಬೆಂಕಿ ಶುರುವಾದದ್ದು ಸೀಟಿನಿಂದಲ್ಲ, ಡಿಕ್ಕಿಯಲ್ಲಿ ಇಂಧನದ ಟ್ಯಾಂಕಿಗೆ ಪೆಟ್ಟಾಗಿತ್ತು. ಆದರೆ ಯಾವ ಬಸ್ಸಿಗೇ ಬೆಂಕಿ ಬಿದ್ದರೂ ಒಳಗಿರೋ ಫೋಮ್, ಪಾಲಿಯೆಸ್ಟರ್, ಪ್ಲಾಸ್ಟಿಕ್ ಎಲ್ಲ ಅದಕ್ಕೆ ಮೇವಾಗುತ್ತೆ. ಪಾಲಿಯುರೆಥೇನ್ ಉರಿದಾಗ ಬರೋ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ಹೈಡ್ರೊಜನ್ ಸಯನೈಡ್ ಕೂಡ ಇರುತ್ತೆ. ಇದೇ ಕಾರಣಕ್ಕೆ ಸೀಟಿನ ಬಟ್ಟೆಗೆ ಕಾನೂನು ಇದೆ. ಅಮೆರಿಕದಲ್ಲಿ 1972ರಿಂದ ಜಾರಿಯಲ್ಲಿರೋ ನಿಯಮದ ಪ್ರಕಾರ ವಾಹನದೊಳಗಿನ ಬಟ್ಟೆಯ ಮೇಲೆ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು. ನಮ್ಮಲ್ಲೂ ಐಎಸ್ 15061 ಅನ್ನೋ ಮಾನದಂಡ ಇದೆ. ಕಂಪನಿಯಿಂದ ಬಂದ ಸೀಟು ಇಂಥ ಪರೀಕ್ಷೆ ದಾಟಿರುತ್ತೆ. ಆಮೇಲೆ ನಾವು ಅದರ ಮೇಲೆ ಕಡಿಮೆ ದುಡ್ಡಿಗೆ ಹಾಕಿಸೋ ಕವರು ದಾಟಿದೆಯಾ ಅಂತ ಎಷ್ಟು ಜನ ಕೇಳಿದ್ದೀವಿ? ಮುಂದಿನ ಸಲ ಕುಷನ್ ವರ್ಕ್ಸ್ ಅಂಗಡಿಗೆ ಹೋದಾಗ ಕೇಳಿ.

ಮೂರನೆಯದು, ಮೊದಲೇ ಹೇಳಿದ ನೀರೊಲೆ. ಪಾಲಿಯುರೆಥೇನಿಗೆ ವಯಸ್ಸಾಗುತ್ತೆ. ಬಿಸಿಲು, ಗಾಳಿ, ತೇವ ಎಲ್ಲ ಸೇರಿ ಅದನ್ನ ಒಳಗಿಂದ ಒಡೆಯುತ್ತವೆ. ಹಳೇ ಹೆಲ್ಮೆಟ್ ತೆಗೆದಾಗ ಕೂದಲ ಮೇಲೆ ಪುಡಿ ಉದುರಿದ್ದು ನೋಡಿದ್ದೀರಾ? ಹಳೇ ಕಾರಿನ ಚಾವಣಿ ಬಟ್ಟೆ ಜೋತುಬಿದ್ದದ್ದು? ಮೇಲಿನ ಬಟ್ಟೆ ಗಟ್ಟಿಯಾಗೇ ಇರುತ್ತೆ, ಅದರ ಬೆನ್ನಿನ ಫೋಮ್ ಹಿಟ್ಟಾಗಿರುತ್ತೆ. ಈಗ ಈ ಎಪಿಸೋಡ್ ಕೇಳ್ತಿರೋ ಹೆಡ್‌ಫೋನಿನ ಮೆತ್ತೆಯಿಂದ ಕಪ್ಪು ಸಿಪ್ಪೆ ಏಳ್ತಿದ್ದರೆ, ಅದೂ ಹೆಚ್ಚಾಗಿ ಪಾಲಿಯುರೆಥೇನೇ.

ಇಲ್ಲಿ ಕೌದಿ ನೆನಪಿಗೆ ಬರುತ್ತೆ. ದಾರದಿಂದ ಹಿಡಿದ ಪದರ ಬಿಡಿಸಬಹುದು ಅಂದಿದ್ದೆ. ಬೆಂಕಿಯಿಂದ ಅಂಟಿಸಿದ ಪದರವನ್ನ ಮನೆಯಲ್ಲಿ, ಅಂಗಡಿಯಲ್ಲಿ ಬಿಡಿಸೋಕಾಗಲ್ಲ. ಬಟ್ಟೆ ಒಂದು ವಸ್ತು, ಫೋಮ್ ಇನ್ನೊಂದು. ಎರಡೂ ಅಂಟಿರೋದ್ರಿಂದ ಮರುಬಳಕೆ ಮಾಡೋರಿಗೂ ಅದು ಬೇಡ. ಪದರ ಬಿಡದಂತೆ ಅಂಟಿದ್ದಕ್ಕೇ ಆ ಸೀಟು ಸುಕ್ಕಿಲ್ಲದೆ ಅಷ್ಟು ಚೆಂದ ಕೂತಿತ್ತು, ಅದೇ ಕಾರಣಕ್ಕೆ ಹಳೇದಾದ ಮೇಲೆ ಅದಕ್ಕೆ ದಾರಿ ಇಲ್ಲ.

ಹತ್ತಿ ಕೌದಿಯ ಚಿಂದಿ ಕೊನೆಗೆ ತಿಪ್ಪೆಗೆ ಬಿದ್ದರೆ ಕೊಳೆತು ಮಣ್ಣಾಗುತ್ತೆ. ಹಳೇ ಸೀಟಿನ ತುಂಡು ಕೊಳೆಯೋದಿಲ್ಲ. ಆಗ ನಾವು ಏನು ಮಾಡ್ತೀವಿ? ‘ಚೊಲೋ ಉರೀತದ’ ಅಂತ ಹಂಡೆಯ ಕೆಳಗೆ ತುರುಕ್ತೀವಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊಗೆಯಲ್ಲಿ ಏನಿರುತ್ತೆ ಅಂತ ಈಗಷ್ಟೇ ಹೇಳಿದೆ. ಬಚ್ಚಲಮನೆಯಲ್ಲಿ ಆ ಒಲೆಯ ಮುಂದೆ ಕೂತು ಊದೋರು ಬಹಳ ಮನೆಗಳಲ್ಲಿ ನಮ್ಮ ಅವ್ವ, ನಮ್ಮ ಅಜ್ಜಿ.

ಸೀಟು ಪೂರ್ತಿ ಕಿತ್ತು ಹಾಕೋ ಮುಂಚೆ ಹೊಲಿಯೋರ ಹತ್ತಿರ ಒಮ್ಮೆ ತೋರಿಸಿ. ಎಷ್ಟೋ ಸಲ ಒಳಗಿನ ದಪ್ಪ ಫೋಮ್ ಗಟ್ಟಿಯಾಗಿರುತ್ತೆ, ಹೋಗಿರೋದು ಮೇಲಿನ ಬಟ್ಟೆಯ ಒಂದು ಭಾಗ ಮಾತ್ರ. ಹೊಲಿಗೆ ಬಿಚ್ಚಿ ಆ ತುಂಡನ್ನ ಅಳತೆಗೆ ಇಟ್ಟು ಹೊಸದು ಕತ್ತರಿಸಿ ಕೂರಿಸೋ ಕೈಗಳು ಬೈಲಹೊಂಗಲ, ಸವದತ್ತಿಯಂಥ ಊರುಗಳಲ್ಲಿ ಇನ್ನೂ ಇವೆ. ನಾವು ಕೆಲಸ ಕೊಟ್ಟರೆ ಮುಂದೆಯೂ ಇರ್ತವೆ. ಮತ್ತೆ ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ದೂರದ ಪ್ರಯಾಣಕ್ಕೆ ಕಾರಿನ ಸೀಟಿನ ಮೇಲೆ ಹಾಸಿ ನೋಡಿ. ಬೆವರು ಹೀರುತ್ತೆ, ಮನೆಗೆ ಬಂದು ಒಗೆಯಬಹುದು.

ಮುಂದಿನ ಸಲ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟ್ ಹಿಡಿದಾಗ, ಕೂರೋ ಮುಂಚೆ ಒಂದು ಸಲ ಕೈಯಾಡಿಸಿ. ಯಾವ ಪದರ ಸಿಕ್ತು ಅಂತ ನಮಗೂ ತಿಳಿಸಿ. ಮತ್ತೆ ಸಿಗೋಣ್ರೀ, ನಮಸ್ಕಾರ.