ಹಿತ್ತಲ ಹಕ್ಕಿಗಳೂ ನಮ್ಮ ಹಳೆಯ ಜಗಳವೂ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ "ಊರಿನ ಹಳೇದು ಏನಾದ್ರೂ ಬರ್ಕೊಡಿ" ಎಂದು ಸಂಘದ ಕಾರ್ಯದರ್ಶಿಗಳು ಕೇಳಿದರು. ದೇವಸ್ಥಾನದ ಬಗ್ಗೆ, ಕೆರೆಯ ಬಗ್ಗೆ ಬರೆಯಲು ನನಗಿಂತ ತಿಳಿದ ಹಿರಿಯರು ಇದ್ದಾರೆ. ನನಗೆ ಗೊತ್ತಿರುವುದು ಎರಡು ಎಕರೆ ಹೊಲ, ಮನೆ ಹಿಂದಿನ ಹಿತ್ತಲು, ನಾಲ್ಕು ನಾಟಿ ಕೋಳಿ. ಇವುಗಳ ಚರಿತ್ರೆ ಬರೆಯ ಹೊರಟರೆ ಅದು ಮುಕ್ಕಾಲು ಪಾಲು ಹಕ್ಕಿಗಳ ಜೊತೆ ನಾವು ಆಡಿಕೊಂಡು ಬಂದ ಜಗಳದ ಚರಿತ್ರೆಯೇ ಆಗುತ್ತದೆ. ಆದ್ದರಿಂದ ಅದನ್ನೇ ಬರೆದಿದ್ದೇನೆ. ಸದಸ್ಯ ಬಾಂಧವರು ಓದಿ ತಪ್ಪಿದ್ದರೆ ತಿದ್ದಬೇಕು.

ನಾನು ಹುಡುಗನಾಗಿದ್ದಾಗ ಜೋಳ ಹಾಲುಗಟ್ಟಿತು ಎಂದರೆ ಶಾಲೆಗೆ ಹಾಜರಾತಿ ಕಡಿಮೆ ಆಗುತ್ತಿತ್ತು. ಹೊಲದ ನಡುವೆ ನಾಲ್ಕು ಕಂಬದ ಅಟ್ಟಣೆ, ಅದರ ಮೇಲೆ ಸೋಗೆಯ ನೆರಳು, ಕೈಯಲ್ಲಿ ಕವಣೆ, ಮಗ್ಗುಲಲ್ಲಿ ಮಣ್ಣುಂಡೆಯ ರಾಶಿ. ಬೆಳಗಿನ ಜಾವದಿಂದ ಬಿಸಿಲೇರುವ ತನಕ, ಮತ್ತೆ ಇಳಿಹೊತ್ತಿಗೆ ಕತ್ತಲಾಗುವ ತನಕ ಕೂಗಬೇಕು. ಹಕ್ಕಿ ಮೇಯುವುದು ಆ ಎರಡು ಹೊತ್ತಿನಲ್ಲೇ ಹೆಚ್ಚು, ನಡು ಮಧ್ಯಾಹ್ನ ಅವೂ ನೆರಳು ಹಿಡಿಯುತ್ತವೆ, ಕಾಯುವವನಿಗೂ ನಿದ್ದೆ ಬರುತ್ತದೆ. ಒಡೆದ ತಗಡಿನ ಡಬ್ಬ, ಹಳೆಯ ತಮಟೆ, ಅಪ್ಪನ ಹರಿದ ಅಂಗಿ ತೊಡಿಸಿದ ಬೆರ್ಚಪ್ಪ, ಇಷ್ಟೇ ನಮ್ಮ ಆಯುಧ. ಬೆರ್ಚಪ್ಪನನ್ನು ನಿಲ್ಲಿಸಿದ ಮೊದಲ ವಾರ ಹಕ್ಕಿ ಹೆದರುತ್ತವೆ. ಎರಡನೇ ವಾರ ಅವನ ತಲೆ ಮೇಲೇ ಕೂತು ಹೊಲ ನೋಡುತ್ತವೆ. ಅದಕ್ಕೇ ಅವ್ವ ವಾರಕ್ಕೊಮ್ಮೆ ಅವನ ಜಾಗ ಬದಲಾಯಿಸಿ ಅಂಗಿಯನ್ನೂ ಬದಲಾಯಿಸುತ್ತಿದ್ದಳು. ಪುಸ್ತಕ ಓದಿದವರು ಈಗ ಇದನ್ನೇ ದೊಡ್ಡ ಮಾತಿನಲ್ಲಿ ಹೇಳುತ್ತಾರೆ, ಹಕ್ಕಿಗೆ ಅಭ್ಯಾಸ ಆಗಲು ಬಿಡಬಾರದು ಅಂತ. ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ.

ಇನ್ನು ಕೋಳಿಯ ವಿಚಾರ. ಚಳಿಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ ಹದ್ದುಗಳ ಗೂಡಿನಲ್ಲೂ ಮರಿ ಬಾಯಿಬಿಡುತ್ತಿರುತ್ತವೆ, ನಮ್ಮ ಹೇಂಟೆಯೂ ಮರಿ ಮಾಡಿಕೊಂಡು ಅಂಗಳದಲ್ಲಿ ಕೆದರುತ್ತಿರುತ್ತದೆ. ಹನ್ನೆರಡು ಮರಿ ಒಡೆದರೆ ದೊಡ್ಡವಾಗುವುದು ನಾಲ್ಕೋ ಐದೋ. ಒಂದು ಹದ್ದಿಗೆ, ಒಂದು ಕಾಗೆಗೆ, ಒಂದು ಬೆಕ್ಕಿಗೆ ಎಂದು ಲೆಕ್ಕ ಬಿಟ್ಟೇ ಹೆಂಗಸರು ಮೊಟ್ಟೆ ಕಾವಿಗೆ ಇಡುತ್ತಿದ್ದರು. ಹಗಲು ಕುಕ್ಕೆ ಮುಚ್ಚುವುದು, ಮರಿಗಳ ಮೈಗೆ ಗುಲಾಬಿ ಬಣ್ಣ ಹಚ್ಚುವುದು, ಸತ್ತ ಕಾಗೆಯನ್ನು ಗಳಕ್ಕೆ ಕಟ್ಟುವುದು, ಎಲ್ಲ ನಡೆಯುತ್ತಿತ್ತು. ಬಣ್ಣದಿಂದ ಹದ್ದು ಹೆದರುತ್ತಿತ್ತೋ ಇಲ್ಲವೋ ನಾನು ಖಾತ್ರಿ ಹೇಳಲಾರೆ. ಪಕ್ಕದ ಮನೆಯ ಮರಿ ಯಾವುದು, ನಮ್ಮದು ಯಾವುದು ಎಂದು ಗುರುತು ಹಿಡಿಯಲು ಮಾತ್ರ ಬಹಳ ಅನುಕೂಲವಾಗುತ್ತಿತ್ತು. ನಿಜವಾಗಿ ಮರಿ ಉಳಿಯುತ್ತಿದ್ದುದು ಹಿತ್ತಲಲ್ಲಿ ಪೊದೆ, ಬೇಲಿ, ತೊಗರಿ ಸಾಲು ಇದ್ದವರ ಮನೆಯಲ್ಲಿ. ತಾಯಿ ಒಂದು ಕೂಗು ಹಾಕಿದರೆ ಮರಿಗಳು ನುಸುಳಿಕೊಳ್ಳಲು ಜಾಗ ಬೇಕಲ್ಲ. ಈಗ ಹಿತ್ತಲಿಗೆಲ್ಲ ಸಿಮೆಂಟು ಬಂದಿದೆ.

ಕೋಳಿ ಸಾಕುವವರಿಗೆ ಹಕ್ಕಿಗಳಲ್ಲೇ ಒಬ್ಬ ಕಾವಲುಗಾರ ಇದ್ದಾನೆ, ಅವನೇ ಕಾಜಾಣ. ಕರ್ರಗೆ, ಬಾಲ ಕವಲೊಡೆದ ಸಣ್ಣ ಹಕ್ಕಿ. ತನ್ನ ಗೂಡಿನ ಹತ್ತಿರ ಹದ್ದು, ಕಾಗೆ, ಗಿಡುಗ ಯಾವುದು ಬಂದರೂ ಬೆನ್ನಿಗೆ ಬಿದ್ದು ಕುಕ್ಕಿ ಓಡಿಸುತ್ತದೆ. ಉತ್ತರ ಹಿಂದೂಸ್ಥಾನದಲ್ಲಿ ಅದಕ್ಕೆ ಕೋತವಾಲ ಎಂದೇ ಹೆಸರು. ಅದರ ಗೂಡಿರುವ ಮರದಲ್ಲಿ ಪಾಪದ ಹಕ್ಕಿಗಳೂ ಧೈರ್ಯವಾಗಿ ಗೂಡು ಕಟ್ಟುತ್ತವೆ.

ಯಾವ ಹಕ್ಕಿ ಮಿತ್ರ, ಯಾವುದು ಶತ್ರು ಎಂಬುದನ್ನು ಹೊಟ್ಟೆ ಕೊಯ್ದೇ ನೋಡಿದವರಿದ್ದಾರೆ. ಬಿಹಾರದ ಪೂಸಾದಲ್ಲಿದ್ದ ಸರಕಾರದ ಕೃಷಿ ಸಂಶೋಧನಾ ಸಂಸ್ಥೆಯಿಂದ 1912ರಲ್ಲಿ ಮೇಸನ್ ಮತ್ತು ಲೆಫ್ರಾಯ್ ಎಂಬ ಇಬ್ಬರು ಭಾರತದ ಹಕ್ಕಿಗಳ ಆಹಾರದ ಬಗ್ಗೆ ಒಂದು ದೊಡ್ಡ ವರದಿ ತಂದರು. ಒಂದೊಂದು ಜಾತಿಯ ಹಕ್ಕಿಯ ಹೊಟ್ಟೆಯಲ್ಲಿ ಕಾಳೆಷ್ಟು, ಹುಳವೆಷ್ಟು ಎಂದು ಎಣಿಸಿದ ಕೆಲಸ ಅದು. ಕಾಜಾಣದ ಹೊಟ್ಟೆಯಲ್ಲಿ ಹುಳುಗಳೇ. ಗೊರವಂಕ ಹಣ್ಣನ್ನೂ ತಿನ್ನುತ್ತದೆ, ಮಿಡತೆ ಹುಳುಗಳನ್ನೂ ಬೇಕಾದಷ್ಟು ತಿನ್ನುತ್ತದೆ. ಗಿಳಿಯ ಪರವಾಗಿ ಹೇಳಲು ಮಾತ್ರ ಅವರಿಗೂ ಏನೂ ಸಿಗಲಿಲ್ಲ. ಗುಬ್ಬಿಯದು ಎರಡು ಬಗೆ. ದೊಡ್ಡದು ಕಾಳು ತಿನ್ನುತ್ತದೆ ಸರಿ, ಆದರೆ ಮರಿಗೆ ತಿನ್ನಿಸುವುದು ಮೆತ್ತಗಿನ ಹುಳು.

ಈ ಗುಬ್ಬಿಯ ಎರಡು ಬಗೆ ತಿಳಿಯದೆ ಒಂದು ದೇಶವೇ ಕೆಟ್ಟ ಕತೆ ಇದೆ. ಅದಕ್ಕೆ ಮುಂಚೆ ಇಂಗ್ಲೆಂಡಿನದು ಎರಡು ಮಾತು. ಅಲ್ಲಿ 1532ರಲ್ಲಿ ಎಂಟನೆಯ ಹೆನ್ರಿ ರಾಜ ಕಾಳು ಉಳಿಸಲು ಕಾಯಿದೆ ಮಾಡಿ, ಪ್ರತಿ ಊರೂ ಕಾಗೆ ಹಿಡಿಯುವ ಬಲೆ ಒಂದನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿದ. 1566ರಲ್ಲಿ ಅವನ ಮಗಳು ಎಲಿಜಬೆತ್ ರಾಣಿ ತಲೆಗಿಷ್ಟು ಎಂದು ಬಹುಮಾನವನ್ನೂ ಗೊತ್ತುಮಾಡಿದಳು. ಊರಿನ ಇಗರ್ಜಿಯವರು ತಲೆ ಎಣಿಸಿ ಕಾಸು ಕೊಡುತ್ತಿದ್ದರು.

ಚೀನಾದಲ್ಲಿ ನಡೆದದ್ದು ಇದಕ್ಕಿಂತ ದೊಡ್ಡದು. 1958ರಲ್ಲಿ ಮಾವೋ ಸರಕಾರ ಇಲಿ, ನೊಣ, ಸೊಳ್ಳೆ, ಗುಬ್ಬಿ ಈ ನಾಲ್ಕನ್ನೂ ನಿರ್ಮೂಲ ಮಾಡಬೇಕೆಂದು ಇಡೀ ಜನಕ್ಕೆ ಕರೆ ಕೊಟ್ಟಿತು. ಗುಬ್ಬಿಯ ಮೇಲಿನ ಆರೋಪ ಕಾಳು ತಿನ್ನುತ್ತದೆ ಎಂಬುದು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ರಾಜಧಾನಿಯಲ್ಲಿ ಮೂರು ದಿನ ಲಕ್ಷಾಂತರ ಜನ, ಶಾಲೆಯ ಮಕ್ಕಳಿಂದ ಹಿಡಿದು ಮುದುಕರವರೆಗೆ, ಮಾಳಿಗೆ ಹತ್ತಿ ತಟ್ಟೆ, ಡೋಲು ಬಡಿದರು. ಕೂರಲು ಜಾಗ ಸಿಗದೆ ಹಾರಿ ಹಾರಿ ದಣಿದು ಗುಬ್ಬಿಗಳು ಆಕಾಶದಿಂದ ಉದುರಿದವು. ಗೂಡು ಕಿತ್ತರು, ಮೊಟ್ಟೆ ಒಡೆದರು. ನಮ್ಮ ಅಟ್ಟಣೆಯ ಮೇಲಿನ ತಗಡಿನ ಡಬ್ಬವೇ, ಆದರೆ ಅದನ್ನು ಸರಕಾರ ಬಡಿಸಿತು. ಓಡಿಸುವುದು ಬೇರೆ, ಬುಡಸಮೇತ ಮುಗಿಸುವುದು ಬೇರೆ.

ಮುಂದೆ ಹೊಲಗಳಲ್ಲಿ ಹುಳದ ಕಾಟ ಏರಿತು. ಝೆಂಗ್ ಝುವೋಶಿನ್ ಎಂಬ ಪಕ್ಷಿ ವಿಜ್ಞಾನಿ ಮತ್ತು ಸಂಗಡಿಗರು ಗುಬ್ಬಿಗಳ ಹೊಟ್ಟೆ ಪರೀಕ್ಷೆ ಮಾಡಿ, ಅವು ಎಷ್ಟು ಹುಳು ತಿನ್ನುತ್ತವೆ ಎಂದು ತೋರಿಸಿಕೊಟ್ಟರು. ಆ ಕಾಲದಲ್ಲಿ ಹಾಗೆ ಹೇಳಲು ಎದೆಗಾರಿಕೆ ಬೇಕಿತ್ತು. 1960ರಲ್ಲಿ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ಆ ಜಾಗಕ್ಕೆ ತಿಗಣೆ ಸೇರಿಸಿದರು. ಅಷ್ಟರೊಳಗೆ 1959ರಿಂದ 1961ರ ಮಹಾ ಕ್ಷಾಮ ಶುರುವಾಗಿತ್ತು, ಕೋಟಿಗಟ್ಟಲೆ ಜನ ಸತ್ತರು. ಎಲ್ಲ ಗುಬ್ಬಿಯಿಂದಲೇ ಆಯಿತು ಎಂದರೆ ತಪ್ಪಾಗುತ್ತದೆ. ಸುಳ್ಳು ಲೆಕ್ಕ, ರೈತರ ಮನೆಯಿಂದ ಎತ್ತಿಕೊಂಡು ಹೋದ ದವಸ, ಅಡ್ಡಾದಿಡ್ಡಿ ಬೇಸಾಯ, ಕಾರಣಗಳು ಹಲವು. ಗುಬ್ಬಿ ಇಲ್ಲದ್ದೂ ಅದರಲ್ಲಿ ಒಂದು.

ಚೀನಾದವರನ್ನು ನೋಡಿ ನಗಲು ನನಗೆ ಬಾಯಿಲ್ಲ. ಯಾಕೆ ಅಂತ ಹೇಳುತ್ತೇನೆ.

ಸೂರ್ಯಕಾಂತಿ ನಮ್ಮ ದೇಶಕ್ಕೆ ಎಣ್ಣೆ ಬೆಳೆಯಾಗಿ ಬಂದದ್ದು 1969ರಲ್ಲಿ, ರಷ್ಯಾದ ತಳಿಗಳಿಂದ. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬಿ.ಎಸ್.ಎಚ್. 1 ಎಂಬ ಹೈಬ್ರಿಡ್ ಬಿಡುಗಡೆ ಮಾಡಿತು, ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಅದು. ಆಮೇಲೆ ನಮ್ಮ ರಾಜ್ಯದ ಬಯಲು ಸೀಮೆಯೆಲ್ಲ ಹಳದಿಯಾಯಿತು. ಗಿಳಿಗಳಿಗೆ ಇದು ಊಟದ ತಟ್ಟೆಯನ್ನು ಕಣ್ಣೆದುರು ಹಿಡಿದಂತೆ. ತೆನೆ ಮೇಲೆ ಕೂರಲು ಜಾಗ, ಕಾಳಿನ ತುಂಬ ಎಣ್ಣೆ. ತಿನ್ನುವುದಕ್ಕಿಂತ ಕೊಕ್ಕಿನಿಂದ ಕೆಡವುವುದು ಹೆಚ್ಚು.

1988ರಲ್ಲಿ ನಾನು ಬುದ್ಧಿವಂತಿಕೆ ಮಾಡಿ ಎಲ್ಲರಿಗಿಂತ ಮೂರು ವಾರ ಮುಂಚೆ ಅರ್ಧ ಎಕರೆ ಬಿತ್ತಿದೆ. ಮೊದಲು ಕಾಳು ಕಟ್ಟಿದ್ದು ನನ್ನ ಹೊಲ, ಸುತ್ತಲ ಗಿಳಿಗಳೆಲ್ಲ ಅಲ್ಲಿಗೇ ಬಂದವು. ಕಾಯಲು ಆಳಿಲ್ಲ. ಯಾರೋ ಹೇಳಿದರು ಅಂತ ಪೇಟೆಯಿಂದ ಹರಳು ಔಷಧಿ ತಂದು, ನೆನೆಸಿದ ಜೋಳಕ್ಕೆ ಕಲಸಿ ಬದುವಿನ ಮೇಲೆ ಚೆಲ್ಲಿದೆ. ಬೆಳಿಗ್ಗೆ ಹೋಗಿ ನೋಡಿದರೆ ಗಿಳಿ ಒಂದೂ ಸತ್ತಿಲ್ಲ. ಅವು ತೆನೆ ಮೇಲೆ ಕೂತು ತಿನ್ನುವ ಜಾತಿ, ನೆಲದ ಕಾಳಿಗೆ ಯಾಕೆ ಇಳಿದಾವು? ಬದುವಿನುದ್ದಕ್ಕೂ ಬಿದ್ದಿದ್ದವು ಗೊರವಂಕ, ಬೆಳವ, ನಾಲ್ಕೈದು ಗುಬ್ಬಿ. ಅವುಗಳ ಆಚೆಗೆ ಪಕ್ಕದ ಮನೆ ಚಿಕ್ಕಮ್ಮನ ಹೇಂಟೆ, ಅದರ ಸುತ್ತ ಒಂಬತ್ತು ಮರಿ.

ಚಿಕ್ಕಮ್ಮ ಗಂಡನಿಲ್ಲದ ಹೆಂಗಸು. ಮೊಟ್ಟೆ ಮಾರಿಯೇ ಉಪ್ಪು, ಸೋಪು, ಮಗಳ ಪುಸ್ತಕ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಎಲ್ಲವನ್ನೂ ಒಂದು ಮಂಕರಿಯಲ್ಲಿ ಹಾಕಿಕೊಂಡು ಬಂದು ನಮ್ಮ ಬಾಗಿಲ ಮುಂದೆ ಇಟ್ಟು, "ನೀನೇ ಹೂಣ್ಬುಡಪ್ಪ, ನನ್ ಕೈಲಾಗಕ್ಕಿಲ್ಲ" ಅಂದಳು. ಅಪ್ಪ ನಮ್ಮ ಕೋಳಿಗಳಲ್ಲಿ ಎರಡನ್ನು ಕೊಂಡೊಯ್ದು ಕೊಟ್ಟರು. ತೆಗೆದುಕೊಂಡಳು, ಆದರೆ ವರ್ಷಾನುಗಟ್ಟಲೆ ತನ್ನ ಕೋಳಿಗಳನ್ನು ನಮ್ಮ ಹೊಲದ ಕಡೆ ಬಿಡುತ್ತಿರಲಿಲ್ಲ. ಆ ಮಂಕರಿಯನ್ನು ಎತ್ತಿಕೊಂಡು ಹೊಲದ ಮೂಲೆಗೆ ಹೋದದ್ದು ನನಗೆ ಇವತ್ತಿಗೂ ಮರೆತಿಲ್ಲ. ಇದುವರೆಗೆ ಊರಿನಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ, ಬರೆಯುವಾಗ ಹೇಳಿಬಿಡೋಣ ಅನ್ನಿಸಿತು.

ಅದು ಕಾನೂನಿಗೂ ವಿರುದ್ಧ ಅಂತ ಆಮೇಲೆ ತಿಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ಸುತ್ತಲ ಬಹುತೇಕ ಹಕ್ಕಿಗಳನ್ನು ಕೊಲ್ಲುವ ಹಾಗಿಲ್ಲ. ಕಾಗೆಯೊಂದನ್ನು ಮಾತ್ರ ಇಲಿ, ಹೆಗ್ಗಣದ ಜೊತೆ ಉಪದ್ರವದ ಪಟ್ಟಿಯಲ್ಲಿ ಇಟ್ಟಿದ್ದರು, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಕಾಯಿದೆಯಿಂದ ಕಷ್ಟಕ್ಕೆ ಬಿದ್ದವರೂ ಇದ್ದಾರೆ. ಬಲೆ ಹೊತ್ತು ಊರೂರು ತಿರುಗಿ ಹಕ್ಕಿ ಹಿಡಿದು ಬದುಕುತ್ತಿದ್ದ ಹಕ್ಕಿಪಿಕ್ಕಿ ಜನ ಕಸುಬು ಬಿಟ್ಟು ಪಿನ್ನು, ಸರ, ಗಿಡಮೂಲಿಕೆ ಎಣ್ಣೆ ಮಾರಾಟಕ್ಕೆ ಇಳಿಯಬೇಕಾಯಿತು. ಆ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಕೊಲ್ಲದೆ ಬೆಳೆ ಉಳಿಸಿಕೊಳ್ಳುವ ದಾರಿ ಹುಡುಕುವಾಗ ಮೊದಲು ಬಂದದ್ದು ಹೊಳೆಯುವ ರಿಬ್ಬನ್ನು. ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಬೆಳ್ಳಿ. ಗೂಟದಿಂದ ಗೂಟಕ್ಕೆ ತಿರುಚಿ ಕಟ್ಟಿದರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಅನ್ನುತ್ತದೆ. ದುಡ್ಡಿಲ್ಲದವರು ಹಳೆಯ ಟೇಪ್ ರೆಕಾರ್ಡರಿನ ಕ್ಯಾಸೆಟ್ ಸುತ್ತು ಬಿಚ್ಚಿ ಕಟ್ಟಿದರು. ಹೊಲದ ಸುತ್ತ ನಾಟಕದ ಪದಗಳೂ ಭಕ್ತಿಗೀತೆಗಳೂ ಗಾಳಿಗೆ ಪಟಪಟ ಅನ್ನುತ್ತಿದ್ದವು. ಇದೂ ಬೆರ್ಚಪ್ಪನ ಹಾಗೆಯೇ, ಎರಡು ವಾರಕ್ಕೆ ಹಳೆಯದಾಗುತ್ತದೆ. ಕಾಳು ಗಟ್ಟಿಯಾಗುವ ಹೊತ್ತಿಗೆ ಕಟ್ಟಬೇಕು, ಮೊದಲೇ ಕಟ್ಟಿದರೆ ದಂಡ. ಅಂಚಿನ ಮೂರು ನಾಲ್ಕು ಸಾಲಿನ ಮುಸುಕಿನ ಜೋಳದ ತೆನೆಗೆ ಅದರದೇ ಎಲೆ ಸುತ್ತಿ ಮುಚ್ಚುವುದೂ ಒಳ್ಳೆಯ ಉಪಾಯ. ಹಕ್ಕಿ ಮೊದಲು ಇಳಿಯುವುದು ಅಂಚಿಗೇ.

ಎಲ್ಲಕ್ಕಿಂತ ದೊಡ್ಡ ಉಪಾಯ ನಾನು ಕೆಟ್ಟು ಕಲಿತದ್ದು, ಒಟ್ಟಿಗೆ ಬಿತ್ತುವುದು. ಇನ್ನೂರು ಗಿಳಿ ಅರ್ಧ ಎಕರೆಗೆ ಬಿದ್ದರೆ ಬೆಳೆ ಖಾಲಿ. ಅದೇ ಗಿಳಿ ನೂರು ಎಕರೆಗೆ ಹಂಚಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಸಂಘದಲ್ಲಿ ಬೀಜ ಬಂದ ವಾರವೇ ಎಲ್ಲರೂ ಎತ್ತಿಕೊಂಡು ಒಂದೇ ಹದಕ್ಕೆ ಬಿತ್ತುವ ರೂಢಿ ಬಿದ್ದದ್ದು ಹಕ್ಕಿಯ ಯೋಚನೆಯಿಂದಲ್ಲ, ಮಳೆಯ ಯೋಚನೆಯಿಂದ. ಆದರೂ ಅದರ ಲಾಭ ಗಿಳಿ ಕಾಟದಲ್ಲೂ ಕಂಡಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರು ಸಾಲದ ಬಡ್ಡಿಯ ಬಗ್ಗೆ ಯೋಚಿಸಿದ್ದರೇ ಹೊರತು ಗಿಳಿಯ ಬಗ್ಗೆ ಅಲ್ಲ ಅನ್ನಿ.

ಹಕ್ಕಿಯಿಂದ ಲಾಭ ಪಡೆದ ಊರೂ ನಮ್ಮಲ್ಲಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಮುಂದಿನ ಹುಣಸೆ ಮರಗಳಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಜನ ಮರದ ಕೆಳಗೆ ಗುಂಡಿ ತೋಡಿ ಹಿಕ್ಕೆ ಹಿಡಿದು ಗೊಬ್ಬರ ಮಾಡಿಕೊಂಡರು, ಮನೆಗೆ ಬಂದ ಹೆಣ್ಣುಮಕ್ಕಳ ಹಾಗೆ ಅವನ್ನು ನೋಡಿಕೊಂಡರು.

ಹೆಸರಿನ ಮಾತು ಬಂತು ಅಂತ ಒಂದು ವಿಷಯ. ನಮ್ಮ ಕಡೆ ಕೋಳಿಗೆ ಬರುವ ದೊಡ್ಡ ಜಾಡ್ಯಕ್ಕೆ ಕೊಕ್ಕರೆ ರೋಗ ಅನ್ನುತ್ತಾರೆ. ಪುಸ್ತಕದಲ್ಲಿ ಅದು ರಾಣಿಖೇತ್ ರೋಗ, 1927ರಲ್ಲಿ ಹಿಮಾಲಯದ ತಪ್ಪಲಿನ ಆ ಊರಿನಲ್ಲಿ ಕಂಡದ್ದರಿಂದ. ಪಾರಿವಾಳ ಮೊದಲಾದ ಹಕ್ಕಿಗಳಿಗೂ ಆ ರೋಗ ಬರುತ್ತದೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ಮೇಲೆ ಕಾಡುಹಕ್ಕಿ ಎಂದರೆ ಜನ ಗಾಬರಿಯಾಗುವಂತಾಯಿತು. ಮರ ಕಡಿದು ಹಕ್ಕಿ ಓಡಿಸುವುದರಿಂದ ಏನೂ ಆಗುವುದಿಲ್ಲ. ಕೋಳಿಗೆ ಹಾಕುವ ಕಾಳು, ನೀರು ಸೂರಿನ ಒಳಗಿರಬೇಕು, ಚೆಲ್ಲಿದ್ದನ್ನು ಗುಡಿಸಬೇಕು, ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಬೇಕು. ಸತ್ತ ಕೋಳಿಯನ್ನು ಕೆರೆ ಕೋಡಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಕೆಲವರಿಗೆ ಇದೆ, ಯಾರೆಂದು ಅವರಿಗೇ ಗೊತ್ತು.

ಈಗಿನ ಜಗಳ ನವಿಲಿನದು. 1963ರಲ್ಲಿ ಅದು ರಾಷ್ಟ್ರಪಕ್ಷಿಯಾಯಿತು. ಕಾಯಿದೆಯ ಮೊದಲನೇ ಪಟ್ಟಿಯಲ್ಲಿದೆ, ಕೊಂದರೆ 3ರಿಂದ 7 ವರ್ಷ ಜೈಲು. ಕಳೆದ ಎರಡು ದಶಕಗಳಲ್ಲಿ ನವಿಲುಗಳ ಸಂಖ್ಯೆ ಬಹಳ ಏರಿದೆ ಎಂದು ದೇಶದ ಹಕ್ಕಿಗಳ ಬಗ್ಗೆ 2023ರಲ್ಲಿ ಬಂದ ವರದಿಯೂ ಹೇಳುತ್ತದೆ. ಅದು ಹೇಳದಿದ್ದರೂ ನಮ್ಮ ಟೊಮೆಟೊ, ಮೆಣಸಿನ ಒಟ್ಲುಗಳು ಹೇಳುತ್ತವೆ. ನರಿ, ಕಾಡುಬೆಕ್ಕು ನಮ್ಮ ಕಡೆ ಕಡಿಮೆಯಾದವು, ನವಿಲು ಹೆಚ್ಚಾದವು. ಯಾರ ಮನೆ ತೊಲೆಯಲ್ಲಿ ನೋಡಿದರೂ ಇರುತ್ತಿದ್ದ ಗುಬ್ಬಿ ಮಾತ್ರ ಕಾಣುವುದಿಲ್ಲ. ಅದಕ್ಕೆ ಈಗ ಮಾರ್ಚ್ 20ರಂದು ದಿನಾಚರಣೆ ಮಾಡುತ್ತಾರೆ.

ಎರಡು ವರ್ಷದ ಹಿಂದೆ ಆಡಳಿತ ಮಂಡಳಿ ಸಭೆಯಲ್ಲಿ ಒಬ್ಬ ಯುವಕ ಎದ್ದು, "ನವಿಲಿಗೆ ಏನಾದ್ರೂ ಔಷಧಿ ತರ್ಸಿಕೊಡಿ ಸಾರ್" ಅಂದ. ನಾನು ಚಿಕ್ಕಮ್ಮನ ಮಂಕರಿಯ ಕತೆ ಹೇಳಲು ಹೋಗಿ, ನಾಚಿಕೆಯಾಗಿ ನಿಲ್ಲಿಸಿ, ಬಲೆ ತರಿಸೋಣ ಎಂದಷ್ಟೇ ಹೇಳಿ ಕೂತೆ. ಸಂಘದ ಖರ್ಚಿನಲ್ಲಿ ಎರಡು ನೈಲಾನ್ ಬಲೆ ಬಂದವು. ಒಟ್ಲಿನ ಮೇಲೆ ಕಮಾನು ಕಡ್ಡಿ ನೆಟ್ಟು ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲ ಬಿಟ್ಟರೆ ಕೇರೆಹಾವು ಸಿಕ್ಕಿಹಾಕಿಕೊಂಡು ಸಾಯುತ್ತದೆ, ಆಮೇಲೆ ಇಲಿಯ ಕಾಟ ಬೇರೆ. ಬಲೆಗಳು ಗೋದಾಮಿನಲ್ಲಿ ಗೊಬ್ಬರದ ಚೀಲಗಳ ಹಿಂದೆ ಇವೆ, ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋಗಬಹುದು. ಒಂದನ್ನು ಇಲಿ ಕಡಿದಿದೆ, ಒಯ್ಯುವವರು ಹೊಲಿದುಕೊಳ್ಳಬೇಕು.